ಹಳೆಯ ಸ್ಕ್ರಾಲ್ ಸಾ, ಹೊಸ ಸ್ಕ್ರಾಲ್ ಸಾ: ನನ್ನ ಕೆಲಸಕ್ಕೆ ಒದಗಿದ್ದು ಯಾವುದು?

ನನ್ನ ಓಟು ಹಳೆಯ ಮೆಷಿನ್‌ಗೆ. ಸ್ಕ್ರಾಲ್ ಸಾ ಅಂದರೆ ತೆಳು ಬ್ಲೇಡ್ ಮೇಲೆ ಕೆಳಗೆ ಆಡುತ್ತಾ ಮರದಲ್ಲಿ ಸಣ್ಣ ತಿರುವು, ಕಿಂಡಿ ಕೊಯ್ಯುವ ಮೆಷಿನ್. ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ ಡಿವಾಲ್ಟ್ ಕಂಪನಿಯ ಡಿಡಬ್ಲ್ಯು 788 ಈಗ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಕೂತಿದೆ. ಅದನ್ನು ಬಿಟ್ಟು ಬೇರೆ ಯಾವುದರಲ್ಲೂ ನನಗೆ ಈಗ ಕೆಲಸ ಮಾಡಲು ಮನಸ್ಸು ಬರುವುದಿಲ್ಲ. ಹಾಗಂತ ಎಲ್ಲ ಹಳೆಯ ಸ್ಕ್ರಾಲ್ ಸಾ ಒಳ್ಳೆಯದು ಅಂತ ಹೇಳುತ್ತಿಲ್ಲ. ನೋಡಿದ ಹಳೆಯ ಮೆಷಿನ್‌ಗಳಲ್ಲಿ ಕೆಲವನ್ನು ಸುಮ್ನೆ ಕೊಟ್ಟರೂ ನಾನು ತರುತ್ತಿರಲಿಲ್ಲ.

ನನ್ನ ಕೆಲಸ ಏನು ಅಂತ ಮೊದಲು ಹೇಳಬೇಕು, ಯಾಕಂದರೆ ತೀರ್ಮಾನ ಅದರ ಮೇಲೆಯೇ ನಿಂತಿದೆ. ದೀಪಾವಳಿ ಹತ್ತಿರ ಬಂದಾಗ ಗೂಡುದೀಪ. ಡಿಸೆಂಬರಿನಲ್ಲಿ ಪಕ್ಕದ ಮನೆಯವರ ಕ್ರಿಸ್ಮಸ್ ಗೋದಲಿಗೆ ಕುರಿ, ಹಸು, ಒಂಟೆ. ನಡುನಡುವೆ ಯಾರಾದರೂ ಕೇಳಿದರೆ ಮನೆ ಹೆಸರಿನ ಬೋರ್ಡು. ಹೆಚ್ಚಿನದು 4 ಎಂಎಂ, 6 ಎಂಎಂ ಪ್ಲೈವುಡ್. ಬೋರ್ಡಿಗೆ ಮಾತ್ರ ಹಲಸಿನ ಹಲಗೆ, ಸಿಕ್ಕಿದರೆ ಸಾಗುವಾನಿ. ಇದು ಹೊಟ್ಟೆಪಾಡಿನ ಕೆಲಸ ಅಲ್ಲ. ಭಾನುವಾರದ ಕೆಲಸ.

ನಾನು ಕೈಯಲ್ಲಿ ಹಿಡಿದು ನೋಡಿದ್ದು ನಾಲ್ಕು: ಕೈಯಿಂದ ಎಳೆಯುವ ತೆಳು ಗರಗಸ ಫ್ರೆಟ್ ಸಾ, ಕೈಯಲ್ಲಿ ಹಿಡಿದು ಓಡಿಸುವ ಕರೆಂಟಿನ ಜಿಗ್ ಸಾ, ನನ್ನ ಭಾವ ಆನ್‌ಲೈನಿನಲ್ಲಿ ತರಿಸಿದ 16 ಇಂಚಿನ ಹೊಸ ಸ್ಕ್ರಾಲ್ ಸಾ, ಮತ್ತು ಈ ಹಳೆಯದು. ಭಾವನ ಮೆಷಿನ್ ಒಂದು ಮಳೆಗಾಲ ಪೂರ್ತಿ ನಮ್ಮ ಮನೆಯಲ್ಲೇ ಇತ್ತು.

ಜಿಗ್ ಸಾ ಬಗ್ಗೆ ಜಾಸ್ತಿ ಹೇಳುವುದಕ್ಕಿಲ್ಲ. 18 ಎಂಎಂ ಹಲಗೆಯಲ್ಲಿ ದೊಡ್ಡ ತಿರುವು ಕೊಯ್ಯಲು ಒಳ್ಳೆಯದು. ತೆಳು ಪ್ಲೈಯಲ್ಲಿ ಮೇಲಿನ ಪದರ ಕಿತ್ತು ಬರುತ್ತದೆ. ಬ್ಲೇಡಿಗೆ ಒಂದೇ ತುದಿಯಲ್ಲಿ ಹಿಡಿತ ಇರುವುದರಿಂದ ಸಣ್ಣ ತಿರುವಿನಲ್ಲಿ ಕೆಳಗಡೆ ಬೇರೆ ದಾರಿ ಹಿಡಿಯುತ್ತದೆ.

ಇನ್ನು ಹೊಸ ಮೆಷಿನ್. ಹೊಸದರಲ್ಲಿ ತುಕ್ಕು ಇಲ್ಲ, ಬಿಲ್ ಇದೆ, ಪ್ಲಗ್ ನೇರ ಗೋಡೆಗೆ ಹೋಗುತ್ತದೆ. ಪೆಟ್ಟಿಗೆ ಬಿಚ್ಚಿದ ದಿನ ನಮ್ಮಿಬ್ಬರಿಗೂ ಬಹಳ ಖುಷಿ ಆಗಿತ್ತು. ಕುರಿ, ಹಸುಗಳ ಹೊರರೇಖೆ ಚಂದ ಬಂತು. ತೊಂದರೆ ಶುರುವಾದದ್ದು ಗೂಡುದೀಪದ ಜಾಲರಿಯಲ್ಲಿ.

ಆ ಮೆಷಿನ್ ಹಿಡಿಯುವುದು ಪಿನ್ ಇರುವ ಬ್ಲೇಡನ್ನು ಮಾತ್ರ. ಅಂದರೆ ಬ್ಲೇಡಿನ ಎರಡೂ ತುದಿಯಲ್ಲಿ ಅಡ್ಡಕ್ಕೆ ಒಂದು ಸಣ್ಣ ಕಡ್ಡಿ ಇರುತ್ತದೆ, ಅದು ಮೇಲೆ ಕೆಳಗೆ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಹಾಕುವುದು, ತೆಗೆಯುವುದು ಸುಲಭ. ಆದರೆ ಜಾಲರಿಯ ಒಂದೊಂದು ಕಿಂಡಿಗೂ ಮೊದಲು ಡ್ರಿಲ್‌ನಲ್ಲಿ ತೂತು ಕೊರೆದು, ಬ್ಲೇಡನ್ನು ಆ ತೂತಿನೊಳಗೆ ತೂರಿಸಿ ಆಮೇಲೆ ಕೊಯ್ಯಬೇಕು, ಅಲ್ವಾ? ತೂತಿನಲ್ಲಿ ಬ್ಲೇಡ್ ಹೋದರೆ ಸಾಲದು, ಪಿನ್ ಸಹ ಹೋಗಬೇಕು. ಭಾವನ ಮೆಷಿನ್‌ನ ಬ್ಲೇಡಿಗೆ ನಾನು 5 ಎಂಎಂ ಬಿಟ್ ಹಾಕಬೇಕಾಯಿತು. ಪಿನ್ ಇಲ್ಲದ ಚಪ್ಪಟೆ ತುದಿಯ 5ನೇ ನಂಬರ್ ಬ್ಲೇಡಿನ ಅಗಲವೇ ಸುಮಾರು 1 ಎಂಎಂ. ಅದಕ್ಕೆ ಒಂದೂವರೆ ಎಂಎಂ ತೂತು ಧಾರಾಳ ಸಾಕು.

5 ಎಂಎಂ ಅಂದರೆ ಏನು ಮಹಾ ಅಂತ ಅನಿಸಬಹುದು. ಮನೆ ಹೆಸರಿನ ಬೋರ್ಡು ಮಾಡಿ ನೋಡಿ. ನಮ್ಮ ಅಕ್ಷರಗಳ ತುಂಬ ಮುಚ್ಚಿದ ಸುತ್ತುಗಳು. ‘ಆನಂದ’ ಅಂತ ಬರೆದರೆ ಸೊನ್ನೆಯ ಹೊಟ್ಟೆ ಕೊಯ್ದು ತೆಗೆಯಬೇಕು, ‘ಆ’ದ ಒಳಗಿನ ಸುರುಳಿ ತೆಗೆಯಬೇಕು. ಎರಡು ಇಂಚು ಎತ್ತರದ ಅಕ್ಷರದಲ್ಲಿ ಆ ಸೊನ್ನೆಯ ಹೊಟ್ಟೆ ಇರುವುದೇ ಆರೇಳು ಎಂಎಂ. ಅಲ್ಲಿ 5 ಎಂಎಂ ತೂತು ಕೊರೆದರೆ ಮತ್ತೆ ಕೊಯ್ಯಲು ಉಳಿಯುವುದೇನು? ಡ್ರಿಲ್ ಕೂದಲೆಳೆ ಆಚೆ ಹೋದರೂ ಅಕ್ಷರದ ಗೆರೆಯೇ ತಿಂದುಹೋಗುತ್ತದೆ. ಗೂಡುದೀಪದ ಮೂಲೆಗೆ ಬರೆದಿದ್ದ ಸಣ್ಣ ಬಳ್ಳಿಯ ಎಲೆಗಳನ್ನು ನಾನು ಇದೇ ಕಾರಣಕ್ಕೆ ಕೈಬಿಟ್ಟೆ. ಎಲೆಗಿಂತ ತೂತೇ ದೊಡ್ಡದಾಗುತ್ತಿತ್ತು.

ಅಡಾಪ್ಟರ್ ಹಾಕಬಹುದು ಅಂತ ಭಾವ ಹುಡುಕಿ ತರಿಸಿದ. ಪಿನ್ ಮೆಷಿನ್‌ನಲ್ಲಿ ಚಪ್ಪಟೆ ಬ್ಲೇಡ್ ಹಿಡಿಯಲು ಸಣ್ಣ ಕ್ಲ್ಯಾಂಪು ಅದು. ಹಿಡಿಯುತ್ತದೆ ನಿಜ. ಆದರೆ ಪ್ರತಿ ಕಿಂಡಿಗೂ ಅಲೆನ್ ಕೀಯಿಂದ ಸ್ಕ್ರೂ ಸಡಿಲಿಸಿ, ಬ್ಲೇಡ್ ತೂರಿಸಿ, ಮತ್ತೆ ಬಿಗಿ ಮಾಡಬೇಕು. ಸ್ವಲ್ಪ ಸಡಿಲ ಇದ್ದರೆ ಬ್ಲೇಡ್ ಜಾರುತ್ತದೆ, ಜಾಸ್ತಿ ಬಿಗಿ ಮಾಡಿದರೆ ಸ್ಕ್ರೂ ತಲೆ ಸವೆಯುತ್ತದೆ. ಗೂಡುದೀಪದ ಒಂದು ಮಗ್ಗುಲಲ್ಲಿ ಹತ್ತಾರು ಕಿಂಡಿ ಇರುತ್ತದೆ. ಅಂಥ ಮಗ್ಗುಲು ನಾಲ್ಕು ಆರು ಬೇಕು. ಕೊಯ್ಯುವುದಕ್ಕಿಂತ ಸ್ಕ್ರೂ ತಿರುಗಿಸುವುದರಲ್ಲೇ ಮಧ್ಯಾಹ್ನ ಕಳೆಯುತ್ತಿತ್ತು. “ಭಾವ, ನಿಮಗೆ ಕುರಿ ಮಾಡುವುದಕ್ಕೆ ಸಾಕಲ್ಲ ಇದು, ಜಾಲರಿ ಎಂತಕ್ಕೆ?” ಅಂತ ಅವನೇ ಕೇಳಿದ. ನನಗೆ ಜಾಲರಿಯೇ ಬೇಕಾದದ್ದು.

ಮತ್ತೊಂದು ವಿಷಯ ಆಗಲೇ ಗೊತ್ತಾಯಿತು. ಚಪ್ಪಟೆ ತುದಿಯ ಬ್ಲೇಡ್ ಹಿಡಿಯುವ ಮೆಷಿನ್ ಇದ್ದರೆ ಊರಲ್ಲೇ ಒಂದು ಆಸರೆ ಇದೆ. ಅಕ್ಕಸಾಲಿಗರು ಬಳಸುವ ತೆಳು ಗರಗಸದ ಬ್ಲೇಡೂ ಚಪ್ಪಟೆ ತುದಿಯದ್ದೇ, ಉದ್ದವೂ ಹೆಚ್ಚುಕಡಿಮೆ ಅದೇ 5 ಇಂಚು. ಅವರ ಸಾಮಾನು ಮಾರುವ ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುತ್ತದೆ. ಅದರ ಹಲ್ಲು ಲೋಹಕ್ಕೆ ಮಾಡಿದ್ದು, ಬಹಳ ಸಣ್ಣ. ಮರದಲ್ಲಿ ಬೇಗ ಹೊಟ್ಟು ತುಂಬಿಕೊಂಡು ನಿಧಾನ ಆಗುತ್ತದೆ. ಆದರೂ ಪಾರ್ಸೆಲ್ ಬರುವುದು ತಡವಾದಾಗ 4 ಎಂಎಂ ಪ್ಲೈಗೆ ಅದನ್ನೇ ಹಾಕಿ ಕೆಲಸ ಮುಗಿಸಿದ್ದೇನೆ. ಪಿನ್ ಬ್ಲೇಡ್ ಮುರಿದರೆ ನಾನು ಕೇಳಿದ ಅಂಗಡಿಗಳಲ್ಲಿ ಏನೂ ಸಿಗಲಿಲ್ಲ.

ಹಾಗಾಗಿ ಹಳೆಯದನ್ನು ಹುಡುಕಲು ಹೊರಟೆ. ಮೊದಲು ಕಂಡದ್ದು ಮಂಗಳೂರಿನ ಬೈಕಂಪಾಡಿ ಕಡೆ, ಮುಚ್ಚಿದ ಒಂದು ವರ್ಕ್‌ಶಾಪಿನದ್ದು. ತಗಡಿನ ಮಾಡಿನ ಕೆಳಗೆ ಎರಡು ಮಳೆಗಾಲ ಕಳೆದಿತ್ತು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಎಂಎಂ ಮೀರಿ ಮಳೆ, ಮೇಲಿಂದ ಉಪ್ಪುಗಾಳಿ. ಟೇಬಲ್ ಮೇಲಿನ ತುಕ್ಕನ್ನು ಮರಳುಕಾಗದದಿಂದ ತಿಕ್ಕಿ ತೆಗೆಯಬಹುದು. ಒಳಗಿನ ಬೇರಿಂಗಿಗೆ ಇಳಿದ ತುಕ್ಕಿಗೆ ಔಷಧಿ ಇಲ್ಲ. ಬ್ಲೇಡ್ ಸಿಕ್ಕಿಸುವ ಉದ್ದ ತೋಳನ್ನು ಹಿಡಿದು ಅಡ್ಡಡ್ಡ ಅಲುಗಾಡಿಸಿದೆ, ಟಕ್ ಟಕ್ ಅಂತ ಸದ್ದು ಬಂತು. ಅಲ್ಲಿಗೇ ಬಿಟ್ಟೆ. ಅದು ಪಿನ್ ಮೆಷಿನ್ ಬೇರೆ.

788 ಸಿಕ್ಕಿದ್ದು ಉಡುಪಿಯ ಆಚೆ, ಕಲ್ಯಾಣಪುರದಲ್ಲಿ. ಅಮೆರಿಕದಿಂದ ಊರಿಗೆ ವಾಪಸ್ ಬಂದ ಹಿರಿಯರೊಬ್ಬರು ಮನೆ ಸಾಮಾನಿನ ಜೊತೆ ಹಡಗಿನಲ್ಲಿ ತಂದದ್ದು. ಈಗ ಕಣ್ಣು ಮಂಜು, ಇಟ್ಟು ಏನು ಮಾಡಲಿ ಅಂದರು. ನಾನು ಬಗ್ಗಿ ಬ್ಲೇಡ್ ಹಿಡಿಯುವ ಜಾಗವನ್ನೇ ಮೊದಲು ನೋಡುವುದು ಕಂಡು ಅವರಿಗೆ ಸಂತೋಷ ಆಯಿತು. “ನಿಮಗೆ ಗೊತ್ತುಂಟು ಹಾಗಾದ್ರೆ. ಬಂದವರೆಲ್ಲ ಮೋಟಾರು ಎಷ್ಟು ಎಚ್‌ಪಿ ಅಂತ ಕೇಳುದು” ಅಂದರು. ಆಮೇಲೆ ಒಳಗಿಂದ ಬ್ಲೇಡಿನ ಡಬ್ಬಿ ತಂದು ತಾವೇ ಒಂದನ್ನು ಹಾಕಿ ತೋರಿಸಿದರು.

ಸ್ಕ್ರಾಲ್ ಸಾಗೆ ಎಚ್‌ಪಿ ನಿಜವಾಗಿಯೂ ದೊಡ್ಡ ವಿಷಯ ಅಲ್ಲ. ಅಮೆರಿಕದ ಈ 788ರ ಮೋಟಾರು 120 ವೋಲ್ಟಿನಲ್ಲಿ ಬರೀ 1.3 ಆಂಪಿಯರ್‌ನದ್ದು. ಬೆಲೆ ಇರುವುದು ತೋಳಿನ ರಚನೆಗೆ. ಅಗ್ಗದ ಮೆಷಿನ್‌ಗಳಲ್ಲಿ ಹಿಂದೆ ಇರುವ ಕೀಲಿನ ಮೇಲೆ ಉದ್ದ ತೋಳು ಪೂರ್ತಿ ಮೇಲೆ ಕೆಳಗೆ ಹೊಡೆಯುತ್ತದೆ. ಅಷ್ಟು ಭಾರ ಕುಣಿದರೆ ಟೇಬಲ್ ನಡುಗದೆ ಇರುತ್ತದಾ? 788ರಲ್ಲಿ ಹೊರಗಿನ ತೋಳು ಅಲುಗುವುದಿಲ್ಲ. ಒಳಗೆ ಒಂದು ಸಲಾಕೆ ಹಿಂದೆ ಮುಂದೆ ಓಡುತ್ತದೆ, ಮುಂದಿನ ತುಂಡು ಭಾಗ ಮಾತ್ರ ಮೇಲೆ ಕೆಳಗೆ ಆಡುತ್ತದೆ. ಅಲುಗುವ ಭಾರ ಕಡಿಮೆ, ಹಾಗಾಗಿ ನಡುಕವೂ ಕಡಿಮೆ. ಅವರ ಮನೆಯಲ್ಲೇ ಐದು ರೂಪಾಯಿ ನಾಣ್ಯವನ್ನು ಟೇಬಲ್ ಮೇಲೆ ಅಂಚಿನಲ್ಲಿ ನಿಲ್ಲಿಸಿ ವೇಗ ಏರಿಸುತ್ತಾ ಹೋದೆವು. ಪೂರ್ತಿ ವೇಗಕ್ಕೆ ಹತ್ತಿರ ಹೋಗುವವರೆಗೂ ನಾಣ್ಯ ಬೀಳಲಿಲ್ಲ. ಭಾವನ ಮೆಷಿನ್ ಮೇಲೆ ನಾಣ್ಯ ನಿಲ್ಲಿಸುವುದೇ ಕಷ್ಟ ಆಗಿತ್ತು. ಅದನ್ನು ದಪ್ಪ ಹಲಗೆಗೆ ಬೋಲ್ಟ್ ಮಾಡಿದ ಮೇಲೆ ಸ್ವಲ್ಪ ಸುಧಾರಿಸಿತು.

ಸ್ವಿಚ್ಚು, ವೇಗದ ಗುಂಡಿ, ಬ್ಲೇಡ್ ಬಿಗಿ ಮಾಡುವ ಹಿಡಿ ಎಲ್ಲವೂ ಮುಂದೆಯೇ, ಮೇಲಿನ ತೋಳಿನಲ್ಲೇ ಇವೆ. ಮೇಲಿನ ಕ್ಲ್ಯಾಂಪಿಗೆ ಕೀ ಬೇಡ, ಬೆರಳಲ್ಲಿ ತಿರುಗಿಸಿದರೆ ಆಯಿತು. ಹಿಡಿ ಸಡಿಲಿಸಿ, ಬ್ಲೇಡ್ ಬಿಡಿಸಿ, ಮುಂದಿನ ತೂತಿಗೆ ತೂರಿಸಿ, ಮತ್ತೆ ಬಿಗಿ. ಕೂತಲ್ಲಿಂದ ಏಳುವುದೇ ಬೇಡ. ಎಲೆ, ಬಳ್ಳಿ ಎಲ್ಲ ವಾಪಸ್ ಬಂದವು.

ಹಳೆಯದರ ತೊಂದರೆಯನ್ನೂ ಹೇಳಬೇಕು. 120 ವೋಲ್ಟಿನ ಮೆಷಿನ್ ನಮ್ಮ 230 ವೋಲ್ಟಿಗೆ ನೇರ ಹಾಕಿದರೆ ಸುಟ್ಟೇ ಹೋಗುತ್ತದೆ. ವೋಲ್ಟ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಹಿರಿಯರು ತಮ್ಮಲ್ಲಿದ್ದದ್ದನ್ನೇ ಜೊತೆಗೆ ಕೊಟ್ಟರು, 500 ವಿಎ (ವೋಲ್ಟ್ ಆಂಪಿಯರ್) ಸಾಮರ್ಥ್ಯದ್ದು. ನಾನು ಮೆಷಿನ್‌ನ ಪ್ಲಗ್‌ಗೆ ಕೆಂಪು ಟೇಪ್ ಸುತ್ತಿದ್ದೇನೆ, ಮನೆಯಲ್ಲಿ ಬೇರೆ ಯಾರೂ ತಪ್ಪಿ ಗೋಡೆಗೆ ಹಾಕಬಾರದಲ್ಲ. ವಿದೇಶದ ಮೆಷಿನ್ ನೋಡುವಾಗ ವೋಲ್ಟ್ ಜೊತೆ 60 ಹರ್ಟ್ಜ್ ಅಂತ ಇದೆಯಾ ಅಂತಲೂ ಓದಿ. ವೇಗ ಬದಲಿಸಲು ಆಗದ ಸಾದಾ ಇಂಡಕ್ಷನ್ ಮೋಟಾರು ಆಗಿದ್ದರೆ ನಮ್ಮ 50 ಹರ್ಟ್ಜ್‌ನಲ್ಲಿ ಆರನೇ ಒಂದು ಭಾಗ ನಿಧಾನ ಓಡುತ್ತದೆ, ಬಿಸಿಯೂ ಜಾಸ್ತಿ. ಅಂಥದ್ದು ಬೇಡ.

ತೂಕ 25 ಕಿಲೋ. ಒಬ್ಬರೇ ಎತ್ತಬೇಡಿ, ಎತ್ತುವಾಗ ತೋಳು ಹಿಡಿಯಬೇಡಿ.

ಕ್ಲ್ಯಾಂಪಿನೊಳಗಿನ ಸ್ಕ್ರೂ ತುದಿ ಸವೆದು ನುಣ್ಣಗಾಗಿತ್ತು, ಶುರುವಿನಲ್ಲಿ ಬ್ಲೇಡ್ ಜಾರುತ್ತಿತ್ತು. ಸಣ್ಣ ಅರದಿಂದ ಸಮ ಮಾಡಿ, ಬ್ಲೇಡಿನ ತುದಿಯ ಎಣ್ಣೆಯನ್ನು ಮರಳುಕಾಗದದಲ್ಲಿ ಉಜ್ಜಿದ ಮೇಲೆ ಸರಿಹೋಯಿತು. ಟೇಬಲ್ ನೇರ ಇದೆಯಾ ಅಂತ ನೋಡಲು ಒಂದು ದಪ್ಪ ತುಂಡಿನ ಅಂಚಿನಲ್ಲಿ ಸ್ವಲ್ಪ ಕೊಯ್ದು, ತುಂಡನ್ನು ಹಿಂದೆ ತಿರುಗಿಸಿ ಅದೇ ಸೀಳಿಗೆ ಬ್ಲೇಡಿನ ಬೆನ್ನು ಕೂರುತ್ತದಾ ನೋಡಿ. ಕೂತರೆ ನೇರ ಇದೆ. ಇದಕ್ಕೆ ಮೂಲೆಮಟ್ಟವೂ ಬೇಡ.

ಮರದ ಕೆಲಸದ ನಮ್ಮ ಆಚಾರ್ರು ಬಂದು ಮೆಷಿನ್ ನೋಡಿ ಕೇಳಿದ್ದು ಒಂದೇ ಮಾತು: “ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ? ಸಿಎನ್‌ಸಿಗೆ ಕೊಟ್ರೆ ಅವರೇ ಕಟ್ ಮಾಡಿ ಕೊಡ್ತಾರಲ್ಲ?” ಸಿಎನ್‌ಸಿ ಅಂದರೆ ಕಂಪ್ಯೂಟರ್ ನಡೆಸುವ ಕೊಯ್ಯುವ ಮೆಷಿನ್. ಕೊಡುತ್ತಾರೆ ನಿಜ. ದೇವರ ಕೋಣೆಯ ಬಾಗಿಲಿಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಜಾಲರಿ ಬೇಕಾದರೆ ನಾನೂ ಅಲ್ಲಿಗೇ ಹೋಗುತ್ತೇನೆ. ಆದರೆ ಅದರ ರೌಟರಿನ ತಿರುಗುವ ಬಿಟ್ ಗುಂಡಗೆ ಇರುತ್ತದೆ, 3 ಎಂಎಂ ಬಿಟ್ ಹಾಕಿದರೂ ಒಳಮೂಲೆ ಚೂಪಾಗಿ ಬರುವುದಿಲ್ಲ. ಲೇಸರ್‌ನಲ್ಲಿ ಮೂಲೆ ಬರುತ್ತದೆ, ಅಂಚು ಸುಟ್ಟು ಕಪ್ಪಾಗುತ್ತದೆ. ಹಲಸಿನ ಹಳದಿಯ ಪಕ್ಕ ಆ ಕಪ್ಪು ನನಗೆ ಹಿಡಿಸುವುದಿಲ್ಲ. ವರ್ಷಕ್ಕೆ ಒಂದು ಬೋರ್ಡು ಮಾತ್ರ ಬೇಕು ಅನ್ನುವವರಿಗೆ ಆಚಾರ್ರು ಹೇಳಿದ್ದೇ ಸರಿ.

ಫ್ರೆಟ್ ಸಾ ಮಾತನ್ನು ಕೊನೆಗೆ ಉಳಿಸಿಕೊಂಡೆ, ಅದರ ಮೇಲೆ ನನಗೆ ಪ್ರೀತಿ ಜಾಸ್ತಿ. ಕೆಲವೇ ನೂರು ರೂಪಾಯಿ. ಚಪ್ಪಟೆ ತುದಿಯ ಅದೇ 5 ಇಂಚಿನ ಬ್ಲೇಡ್ ಇದಕ್ಕೂ ಆಗುತ್ತದೆ. ಜುಲೈನಲ್ಲಿ ಕರೆಂಟು ಹೋದಾಗ ಮೆಷಿನ್ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ. ಇದರಲ್ಲಿ ಮಾಡಿದ ಸೊನ್ನೆ ಭಾವನ ಹೊಸ ಮೆಷಿನ್‌ನ ಸೊನ್ನೆಗಿಂತ ಚಂದ ಬರುತ್ತದೆ. ಕೈ ನೋಯುತ್ತದೆ ಮತ್ತು ದಪ್ಪ ಹಲಸಿನಲ್ಲಿ ಬ್ಲೇಡ್ ನೇರ ಹಿಡಿಯುವುದು ಕಷ್ಟ, ಅಷ್ಟೇ.

ಬ್ಲೇಡಿನ ಮಾತು ಬಂದದ್ದಕ್ಕೆ ಇದನ್ನೂ ಹೇಳುತ್ತೇನೆ: ಕೆಳತುದಿಯ ಕೆಲವು ಹಲ್ಲು ಮೇಲ್ಮುಖ ಇರುವ ಬ್ಲೇಡ್ ತರಿಸಿ, ಪ್ಲೈಯ ಅಡಿಭಾಗ ಕಿತ್ತು ಬರುವುದು ಬಹಳ ಕಡಿಮೆ ಆಗುತ್ತದೆ. ಸಾಗುವಾನಿಯಲ್ಲಿ ಸಿಲಿಕಾ ಇರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ, ಅದಕ್ಕೆ ಜಾಸ್ತಿ ಬ್ಲೇಡ್ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಬ್ಲೇಡುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ.

ಹಣದ ಲೆಕ್ಕ ಹೀಗೆ. ಭಾವನ ಹೊಸದು 14,000. ನನ್ನ ಹಳೆಯದು ಟ್ರಾನ್ಸ್‌ಫಾರ್ಮರ್ ಸೇರಿ 16,000. ಎರಡು ಸಾವಿರ ಜಾಸ್ತಿ ಕೊಟ್ಟದ್ದು ಕ್ಲ್ಯಾಂಪಿಗೆ ಮತ್ತು ನಡುಕ ಇಲ್ಲದ ಟೇಬಲ್‌ಗೆ ಅಂತ ಲೆಕ್ಕ ಹಾಕುತ್ತೇನೆ. ನನ್ನ ಬಜೆಟ್ ಐದಾರು ಸಾವಿರದ ಒಳಗೆ ಇದ್ದಿದ್ದರೆ ಯಾವ ಮೆಷಿನ್ನೂ ತರುತ್ತಿರಲಿಲ್ಲ. ಒಳ್ಳೆಯ ಫ್ರೆಟ್ ಸಾ, ಮೂರು ನಾಲ್ಕು ಡಜನ್ ಬ್ಲೇಡ್, ಒಂದು ಶೀಟ್ ನೀರು ತಡೆಯುವ 710 ಗ್ರೇಡಿನ ಮರೈನ್ ಪ್ಲೈ ತಂದು ಜಗಲಿಯಲ್ಲಿ ಕೂರುತ್ತಿದ್ದೆ. ಮಕ್ಕಳಿಗೆ ಆಟದ ಸಾಮಾನು, ಗೋದಲಿಯ ಬೊಂಬೆ ಇಷ್ಟೇ ಮಾಡುವುದಾದರೆ ಭಾವನಂಥ ಹೊಸ ಮೆಷಿನ್ ಸಾಕು. ಅವನು ಈಗಲೂ ಅದರಲ್ಲೇ ಚಂದ ಚಂದ ಒಂಟೆ ಮಾಡುತ್ತಾನೆ. ಒಳಗಿನ ಕಿಂಡಿ ಬೇಕು ಅನ್ನುವವರು ಮಾತ್ರ ಹಳೆಯದು ಮಾರುವವರಿಗೆ ಫೋನ್ ಮಾಡಿದಾಗ ಬೆಲೆ ಕೇಳುವ ಮೊದಲು ಬ್ಲೇಡ್ ಹಿಡಿಯುವ ಜಾಗದ ಹತ್ತಿರದ ಫೋಟೋ ಕೇಳಿ, ಮೇಲಿನದ್ದೂ ಕೆಳಗಿನದ್ದೂ. ಅದರಲ್ಲಿ ಬರೀ ಕೊಕ್ಕೆ ಕಂಡರೆ ಅಷ್ಟು ದೂರ ಹೋಗುವ ಅಗತ್ಯ ಇಲ್ಲ.