ಬ್ರೈಟ್‌ನೆಸ್ ಕೀ ಒತ್ತಿದರೂ ಬೆಳಕು ಬದಲಾಗದಿದ್ದರೆ: ಲಿನಕ್ಸ್‌ನ ನಾಲ್ಕೈದು ದಾರಿಗಳ ಹೋಲಿಕೆ

ಬ್ರೈಟ್‌ನೆಸ್ ಕೀ ಒತ್ತಿದರೆ ಪರದೆ ಮೇಲೆ ಸೂರ್ಯನ ಚಿತ್ರ ಬರುತ್ತೆ, ಪಕ್ಕದ ಪಟ್ಟಿ ಏರುತ್ತೆ, ಇಳಿಯುತ್ತೆ. ಬೆಳಕು ಮಾತ್ರ ಜಪ್ಪಯ್ಯ ಅಂದರೂ ಅಲುಗಾಡೋದಿಲ್ಲ. ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡ ತುಂಬಾ ಜನ ಈ ತೊಂದರೆ ನೋಡಿರುತ್ತಾರೆ. ಇದಕ್ಕೆ ನೆಟ್‌ನಲ್ಲಿ ಸಿಗೋ ಪರಿಹಾರಗಳಿಗೇನೂ ಬರವಿಲ್ಲ. ಆದರೆ ಒಂದೊಂದೂ ಒಂದೊಂದು ಕಾಲದ್ದು. 2013ರಲ್ಲಿ ನಡೆಯುತ್ತಿದ್ದದ್ದು ಈಗಿನ ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳು ಪ್ರೋಗ್ರಾಂ) ನಡೆಯೋದಿಲ್ಲ.

ನಾನು ಪರೀಕ್ಷೆ ಮಾಡಿದ್ದು ಎರಡು ಲ್ಯಾಪ್‌ಟಾಪ್‌ಗಳಲ್ಲಿ. ಒಂದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಪ್ಪನಿಗೆ ಅಂತ ತಂದ ಸೆಕೆಂಡ್ ಹ್ಯಾಂಡ್ ಇಂಟೆಲ್ ಯಂತ್ರ. ವಿಂಡೋಸ್ 7 ಸ್ಟಿಕರ್ ಇನ್ನೂ ಅಂಟಿಕೊಂಡಿರುವಷ್ಟು ಹಳೆಯದು, ಅದರಲ್ಲಿ ಲಿನಕ್ಸ್ ಮಿಂಟ್ 22 ಇದೆ. ಇನ್ನೊಂದು ನಾನು ಕೆಲಸಕ್ಕೆ ಹೊತ್ತುಕೊಂಡು ಓಡಾಡುವ ಎಎಂಡಿ ಲ್ಯಾಪ್‌ಟಾಪ್, ಅದರಲ್ಲಿ ಸ್ವೇ ವಿಂಡೋ ಮ್ಯಾನೇಜರ್. ಮೊದಲನೆಯದರಲ್ಲಿ ಬೆಳಕು ಯಾವಾಗಲೂ ನೂರಕ್ಕೆ ನೂರು. ಎರಡನೆಯದರಲ್ಲಿ ಬೆಳಕು ಸರಿಯಾಗೇ ಇದೆ, ಆದರೆ ಕೀ ಒತ್ತಿದರೆ ಏನೂ ಆಗಲ್ಲ. ಮೇಲ್ನೋಟಕ್ಕೆ ಎರಡೂ ಒಂದೇ ದೂರು. ಒಳಗಿನ ಕಾರಣ ಬೇರೆ ಬೇರೆ, ಹಾಗಾಗಿ ಪರಿಹಾರವೂ ಬೇರೆ.

(ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು ಅಂತ ಬೇರೆ ಹೇಳಬೇಕಿಲ್ಲ.)

ಯಾವ ದಾರಿ ಹಿಡಿಯೋ ಮುಂಚೆಯೂ ಒಂದು ಕೆಲಸ ಮಾಡಿ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಬಯೋಸ್ ಸೆಟಪ್ ಪರದೆಗೆ ಹೋಗಿ, ಅಲ್ಲಿ ಬ್ರೈಟ್‌ನೆಸ್ ಕೀ ಒತ್ತಿ ನೋಡಿ. ಅಲ್ಲಿ ಬೆಳಕು ಕಮ್ಮಿ ಆದರೆ ಪ್ಯಾನೆಲ್ ಚೆನ್ನಾಗಿದೆ ಅಂತ ಅರ್ಥ. ಅಪ್ಪನ ಲ್ಯಾಪ್‌ಟಾಪನ್ನು ರಿಪೇರಿ ಅಂಗಡಿಯೊಂದರಲ್ಲಿ ತೋರಿಸಿದಾಗ, "ಪ್ಯಾನೆಲ್ ಚೇಂಜ್ ಮಾಡ್ಬೇಕಾಗುತ್ತೆ ಸಾರ್" ಅಂದುಬಿಟ್ಟರು. ಬಯೋಸ್ ಪರದೆಯಲ್ಲಿ ಅದು ಚೆನ್ನಾಗೇ ಮಂಕಾಗುತ್ತಿತ್ತು. ವಾಪಸ್ ತಂದೆ.

ಎಲ್ಲರೂ ಮೊದಲು ಹೇಳಿಕೊಡೋದು ಎಕ್ಸ್‌ರಾಂಡರ್ ಅನ್ನೋ ಕಮಾಂಡ್. ಪರದೆಯ ಹೆಸರು ಕೊಟ್ಟು, ಬ್ರೈಟ್‌ನೆಸ್ 0.6 ಅಂತ ಹಾಕಿದರೆ ಆ ಕ್ಷಣವೇ ಮಂಕಾಗುತ್ತೆ. ಸುಡೋ (ಅಡ್ಮಿನ್ ಅನುಮತಿ) ಬೇಡ, ರೀಸ್ಟಾರ್ಟ್ ಬೇಡ. "ಕಣ್ಣು ಉರೀತಿದೆ ಕಣೋ, ಸ್ವಲ್ಪ ಕಮ್ಮಿ ಮಾಡ್ಕೊಡು" ಅಂತ ಅಪ್ಪ ಕೂಗಿದಾಗ ತಕ್ಷಣಕ್ಕೆ ಇದೇ ಕೈಗೆ ಸಿಕ್ಕಿದ್ದು. ಆದರೆ ಇದು ಬ್ಯಾಕ್‌ಲೈಟನ್ನು, ಅಂದರೆ ಪರದೆಯ ಹಿಂದೆ ಉರಿಯೋ ದೀಪವನ್ನು ಮುಟ್ಟೋದೇ ಇಲ್ಲ, ಬಣ್ಣಗಳ ಗಾಮಾ ಇಳಿಸುತ್ತೆ ಅಷ್ಟೆ. ಟ್ಯೂಬ್‌ಲೈಟ್ ಉರಿಯಲು ಬಿಟ್ಟು ಕಣ್ಣಿಗೆ ಕೂಲಿಂಗ್ ಗ್ಲಾಸ್ ಹಾಕಿಕೊಂಡ ಹಾಗೆ. ರಾತ್ರಿ ದೀಪ ಆರಿಸಿ ಕಪ್ಪು ಹಿನ್ನೆಲೆ ತೆರೆದರೆ ಗೊತ್ತಾಗುತ್ತೆ: ಬಿಳಿ ಬೂದು ಬಣ್ಣಕ್ಕೆ ತಿರುಗಿದೆ, ಕಪ್ಪು ಮಾತ್ರ ಮೊದಲಿನಷ್ಟೇ ಹೊಳೀತಿದೆ. ಬ್ಯಾಟರಿಯೂ ಉಳಿಯಲ್ಲ. ಬ್ಯಾಟರಿ ಲೆಕ್ಕ ಕೊಡೋ ಯುಪವರ್ ತೋರಿಸುವ ಎನರ್ಜಿ ರೇಟ್ ಎಷ್ಟಿತ್ತೋ ಅಷ್ಟೇ ಇತ್ತು. ಸಂಜೆ ಕರೆಂಟ್ ಹೋಗಿ ಬ್ಯಾಟರಿಯಲ್ಲಿ ಕೂತವರಿಗೆ ಇದರಿಂದ ಏನೂ ಉಪಯೋಗವಿಲ್ಲ. ಲಾಗ್‌ಔಟ್ ಆದರೆ ಮಾಡಿದ್ದೆಲ್ಲಾ ಹೋಯ್ತು. ಪರದೆಗೆ ಚಿತ್ರ ಮೂಡಿಸೋಕೆ ಹಳೆಯ ಎಕ್ಸ್ ಬದಲು ಹೊಸ ವೇಲ್ಯಾಂಡ್ ಬಳಸುವ ಸ್ವೇ ಥರದ ಡೆಸ್ಕ್‌ಟಾಪ್‌ನಲ್ಲಂತೂ ನಡೆಯೋದೇ ಇಲ್ಲ. ರೆಡ್‌ಶಿಫ್ಟ್‌ನ ಬ್ರೈಟ್‌ನೆಸ್ ಆಯ್ಕೆಯೂ ಇದೇ ಜಾತಿ. ರಾತ್ರಿ ಬಣ್ಣ ಬೆಚ್ಚಗೆ ಮಾಡಿಕೊಳ್ಳೋಕೆ ಇರಲಿ, ಬೆಳಕಿಗೆ ಬೇಡ.

ಎಕ್ಸ್‌ಬ್ಯಾಕ್‌ಲೈಟ್ ಹೆಸರಿಗೆ ಬ್ಯಾಕ್‌ಲೈಟಿನದೇ ಸಾಧನ. ಈಗಿನ ಮೋಡ್‌ಸೆಟ್ಟಿಂಗ್ ಅನ್ನೋ ಗ್ರಾಫಿಕ್ಸ್ ಡ್ರೈವರ್ ಬ್ಯಾಕ್‌ಲೈಟಿನ ಗುಣವನ್ನು ಎಕ್ಸ್ ಸರ್ವರ್‌ಗೆ ತೋರಿಸೋದೇ ಇಲ್ಲ, ಹಾಗಾಗಿ ಯಾವ ಔಟ್‌ಪುಟ್‌ಗೂ ಬ್ಯಾಕ್‌ಲೈಟ್ ಇಲ್ಲ ಅಂತ ಹೇಳಿ ಮುಗಿಸುತ್ತೆ. ಎಕ್ಸ್‌ನ ಸೆಟ್ಟಿಂಗ್ ಇರೋ ಎಕ್ಸ್‌ಆರ್ಗ್ ಕಾನ್ಫ್ ಫೈಲಿನಲ್ಲಿ ಹಳೆಯ ಇಂಟೆಲ್ ಡ್ರೈವರ್ ಹಾಕಿ, ಬ್ಯಾಕ್‌ಲೈಟ್ ಹೆಸರು ಬರೆದು ಕೊಡಿ ಅನ್ನೋ ಸಲಹೆ ಇವತ್ತಿಗೂ ಓಡಾಡುತ್ತಿದೆ. ಅದನ್ನೂ ನೋಡಿದೆ, ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನೋದರಲ್ಲೇ ಇಡೀ ವಿಷಯ ಅಡಗಿದೆ.

ಲಿನಕ್ಸ್‌ನಲ್ಲಿ ಬ್ಯಾಕ್‌ಲೈಟ್ ಅಂದರೆ ಕಡೆಗೆ ಒಂದು ಫೋಲ್ಡರ್. /ಸಿಸ್/ಕ್ಲಾಸ್/ಬ್ಯಾಕ್‌ಲೈಟ್ ಒಳಗೆ ಹೋದರೆ ಒಂದು ಡಿವೈಸ್‌ನ ಹೆಸರು ಕಾಣುತ್ತೆ. ಅದರೊಳಗೆ ಬ್ರೈಟ್‌ನೆಸ್, ಮ್ಯಾಕ್ಸ್ ಬ್ರೈಟ್‌ನೆಸ್ ಅನ್ನೋ ಫೈಲುಗಳು. ಅಪ್ಪನ ಯಂತ್ರದಲ್ಲಿ ಇದ್ದದ್ದು ಎಸಿಪಿಐ ವಿಡಿಯೋ 0 (ಎಸಿಪಿಐ ಅಂದರೆ ಬಯೋಸ್ ಮೂಲಕ ಯಂತ್ರಕ್ಕೆ ಮಾತು ಮುಟ್ಟಿಸೋ ವ್ಯವಸ್ಥೆ), ಗರಿಷ್ಠ 15. ಎಕೋ 3 ಅಂತ ಬರೆದು ಸುಡೋ ಟೀ ಅನ್ನೋ ಕಮಾಂಡ್‌ಗೆ ಪೈಪ್ ಮಾಡಿದೆ. (ಬರೀ ಸುಡೋ ಎಕೋ ಹಾಕಿ ಬಾಣದ ಗುರುತಿನಿಂದ ಕಳಿಸಿದರೆ ಅನುಮತಿ ಇಲ್ಲ ಅನ್ನುತ್ತೆ. ಫೈಲ್ ತೆರೆಯೋದು ಸುಡೋ ಅಲ್ಲ, ನಿಮ್ಮ ಶೆಲ್.) ಫೈಲು 3 ಅನ್ನೋದನ್ನು ಮರುಮಾತಿಲ್ಲದೆ ತೆಗೆದುಕೊಂಡಿತು. ಪರದೆ ಇದ್ದ ಹಾಗೇ ಇತ್ತು. ಅಂದರೆ ಡೆಸ್ಕ್‌ಟಾಪಿನದು ತಪ್ಪಿಲ್ಲ, ಕೀಬೋರ್ಡಿನದೂ ಇಲ್ಲ. ಮಾತು ತಲುಪುತ್ತಿದ್ದದ್ದು ಫರ್ಮ್‌ವೇರ್‌ಗೆ (ಅಂದರೆ ಬಯೋಸ್‌ಗೆ), ಫರ್ಮ್‌ವೇರ್ ಅದನ್ನು ಬೆಳಕಿನವರೆಗೆ ಮುಟ್ಟಿಸುತ್ತಿರಲಿಲ್ಲ.

ಬೆಳಕನ್ನು ನಿಜವಾಗಿ ಆಳೋದು ಗ್ರಾಫಿಕ್ಸ್ ಚಿಪ್. 2012ರ ವಿಂಡೋಸ್ 8ರ ಹೊತ್ತಿಗೆ ಬಂದ ಬಯೋಸ್‌ಗಳಿದ್ದರೆ ಕರ್ನಲ್ ತಾನೇ ಗ್ರಾಫಿಕ್ಸ್ ಡ್ರೈವರ್‌ನ ದಾರಿ ಹಿಡಿಯುತ್ತೆ. ಅದಕ್ಕೂ ಹಳೆಯದಾದರೆ ಎಸಿಪಿಐ ದಾರಿಯನ್ನೇ ನಂಬುತ್ತೆ. ಮೊದಲೆಲ್ಲಾ ಎಸಿಪಿಐ ವಿಡಿಯೋ, ಇಂಟೆಲ್ ಬ್ಯಾಕ್‌ಲೈಟ್ ಎರಡು ಹೆಸರುಗಳೂ ಒಟ್ಟಿಗೇ ಕಾಣುತ್ತಿದ್ದವು, ಬೇಕಾದ್ದನ್ನು ಆರಿಸಿಕೊಳ್ಳಬಹುದಿತ್ತು. 2022ರ ಡಿಸೆಂಬರಿನಲ್ಲಿ ಬಂದ 6.1 ಕರ್ನಲ್‌ನಿಂದ ಒಂದು ಪರದೆಗೆ ಒಂದೇ ಡಿವೈಸ್. ಮಿಂಟ್ 22ರದ್ದು 6.8. ಎಕ್ಸ್‌ಆರ್ಗ್ ಕಾನ್ಫ್‌ನಲ್ಲಿ ಇಂಟೆಲ್ ಬ್ಯಾಕ್‌ಲೈಟ್ ಅಂತ ಬರೆದರೂ ಆ ಹೆಸರಿನದು ಫೋಲ್ಡರಿನಲ್ಲೇ ಇಲ್ಲ!

ಹಾಗಾಗಿ ಈ ಯಂತ್ರಕ್ಕೆ ಗೆದ್ದದ್ದು ಗ್ರಬ್ (ಲಿನಕ್ಸನ್ನು ಬೂಟ್ ಮಾಡಿಸೋ ಪ್ರೋಗ್ರಾಂ) ದಾರಿ. ಎಸಿಪಿಐ_ಬ್ಯಾಕ್‌ಲೈಟ್ ಅನ್ನೋ ಕರ್ನಲ್ ಪ್ಯಾರಾಮೀಟರ್‌ಗೆ ನೇಟಿವ್ ಅಂತ ಕೊಡೋದು. ನೇರವಾಗಿ ಫೈಲ್ ತಿದ್ದಲು ಹೋಗಬೇಡಿ. ಬೂಟ್ ಆಗುವಾಗ ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ಇದನ್ನು ಸೇರಿಸಿ, ಎಫ್10 ಒತ್ತಿದರೆ ಅದೊಂದು ಬೂಟ್‌ಗೆ ಮಾತ್ರ ಅನ್ವಯ. ಕೆಟ್ಟರೆ ಮತ್ತೆ ರೀಸ್ಟಾರ್ಟ್ ಮಾಡಿದರಾಯ್ತು. ಹಾಗೆ ಬೂಟ್ ಮಾಡಿ ಫೋಲ್ಡರ್ ನೋಡಿದರೆ ಎಸಿಪಿಐ ವಿಡಿಯೋ ಮಾಯವಾಗಿ ಇಂಟೆಲ್ ಬ್ಯಾಕ್‌ಲೈಟ್ ಬಂದಿತ್ತು, ಗರಿಷ್ಠ 4882. ಕೀ ಒತ್ತಿದೆ, ಇಳೀತು. ಆಮೇಲೆ /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲಿನಲ್ಲಿ ಕ್ವಯಟ್ ಸ್ಪ್ಲಾಶ್ ಇರೋ ಸಾಲಿಗೆ ಸೇರಿಸಿ, ಸುಡೋ ಅಪ್‌ಡೇಟ್-ಗ್ರಬ್ ಹೊಡೆದೆ. ಫೆಡೋರಾದವರು ಗ್ರಬ್ಬಿ ಬಳಸಬೇಕು. ನೇಟಿವ್‌ಗೆ ಬಗ್ಗದ ಯಂತ್ರಗಳಿಗೆ ವೆಂಡರ್, ವಿಡಿಯೋ ಅನ್ನೋ ಆಯ್ಕೆಗಳೂ ಇವೆ. ಒಂದೊಂದನ್ನೂ ಇದೇ ಥರ ಒಂದು ಬೂಟ್‌ಗೆ ಹಾಕಿ ನೋಡಬಹುದು. ಸೆಟ್‌ಪಿಸಿಐ ಬಳಸಿ ಚಿಪ್‌ನ ರಿಜಿಸ್ಟರ್‌ಗೇ ಬರೆಯೋ ಹಳೇ ಉಪಾಯಕ್ಕೆ ನಾನು ಕೈ ಹಾಕಲಿಲ್ಲ, ನೀವೂ ಹಾಕಬೇಡಿ.

ರೀಸ್ಟಾರ್ಟ್ ಆದಮೇಲೂ ಇಟ್ಟ ಬೆಳಕು ಹಾಗೇ ಇರುತ್ತಾ? ಇರುತ್ತೆ. ಶಟ್‌ಡೌನ್ ಆಗುವಾಗ, ಹಿನ್ನೆಲೆಯ ಸೇವೆಗಳನ್ನು ನಡೆಸೋ ಸಿಸ್ಟಮ್‌ಡಿ ಅದನ್ನು ಬರೆದಿಟ್ಟುಕೊಂಡು ಮುಂದಿನ ಬೂಟ್‌ನಲ್ಲಿ ವಾಪಸ್ ಕೂರಿಸುತ್ತೆ, ಅದೂ ಗರಿಷ್ಠದ ಶೇ. 5ಕ್ಕಿಂತ ಕೆಳಗೆ ಹೋಗದ ಹಾಗೆ. ಬೂಟ್ ಆದಾಗ ಎಕೋ ಕಮಾಂಡ್ ಓಡಿಸೋ ಸ್ಕ್ರಿಪ್ಟ್ ಬರೆದುಕೊಳ್ಳಿ ಅನ್ನೋರ ಮಾತು ಕೇಳೋ ಅಗತ್ಯ ಇಲ್ಲ.

ಎಎಂಡಿ ಯಂತ್ರಕ್ಕೆ ಇದ್ಯಾವುದೂ ಬೇಕಾಗಲಿಲ್ಲ. ಅಲ್ಲಿ ಡಿವೈಸ್ ಸರಿಯಾಗೇ ಇತ್ತು, ಫೈಲಿಗೆ ಬರೆದರೆ ಬೆಳಕು ಬದಲಾಗುತ್ತಿತ್ತು. ಸ್ವೇಗೆ ಮಾತ್ರ ಕೀ ಒತ್ತಿದರೆ ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ಇಲ್ಲಿ ಬ್ರೈಟ್‌ನೆಸ್‌ಸಿಟಿಎಲ್ ಅನ್ನೋ ಕಮಾಂಡ್‌ಗೆ ಸಾಟಿ ಇಲ್ಲ. ಲಾಗಿನ್ ನೋಡಿಕೊಳ್ಳೋ ಲಾಗಿನ್‌ಡಿ ಮೂಲಕ ಬರೆಯುತ್ತೆ, ಸುಡೋ ಕೇಳಲ್ಲ. ಕೇಳಿದರೆ ನಿಮ್ಮ ಯೂಸರನ್ನು ವಿಡಿಯೋ ಗ್ರೂಪಿಗೆ ಸೇರಿಸಿ ನೋಡಿ. ಎಕ್ಸ್ ಆಗಲಿ ವೇಲ್ಯಾಂಡ್ ಆಗಲಿ, ಅದಕ್ಕೆ ಭೇದವಿಲ್ಲ. ಸ್ವೇ ಕಾನ್ಫಿಗ್‌ನಲ್ಲಿ ಕೀಗೆ ಕೆಲಸ ಹಚ್ಚೋ ಎರಡು ಬೈಂಡ್‌ಸಿಮ್ ಸಾಲು ಬರೆದರೆ ಮುಗೀತು.

ನಾನು ಬರೆದುಕೊಂಡ ಸಾಲಿನಲ್ಲಿ -ಇ4 -ಎನ್2 ಸೆಟ್ 5%- ಅಂತಿದೆ, ಏರಿಸಲು 5%+. ಇ ಇಲ್ಲದಿದ್ದರೆ ಒಂದು ಫಜೀತಿ. ಮೇಲಿನ ತುದಿಯಲ್ಲಿ 100ರಿಂದ 80ಕ್ಕೆ ಇಳಿಸಿದರೂ ಕಣ್ಣಿಗೆ ಗೊತ್ತಾಗಲ್ಲ. ಕೆಳಗೆ 10ರಿಂದ 5ಕ್ಕೆ ಬಂದರೆ ಗಬಕ್ಕನೆ ಕತ್ತಲು. ಇ ಹಾಕಿದರೆ ಹೆಜ್ಜೆಗಳು ಕಣ್ಣು ಅಳೆಯೋ ರೀತಿಗೆ ಹತ್ತಿರ ಬರುತ್ತವೆ. ಎನ್ ಇರೋದು ಸೊನ್ನೆಗೆ ಬೀಳದಿರಲಿ ಅಂತ. ಕೆಲವು ಪ್ಯಾನೆಲ್‌ಗಳಲ್ಲಿ ಸೊನ್ನೆ ಅಂದರೆ ಪೂರ್ತಿ ಕತ್ತಲೆ. ನೇರಳೆ ಮಾರ್ಗದ ಮೆಟ್ರೋದಲ್ಲಿ ಕೂತು ನೋಡಿದರೆ ಇದರ ಬೆಲೆ ತಿಳಿಯುತ್ತೆ. ಮಾಗಡಿ ರೋಡ್ ಸ್ಟೇಷನ್‌ವರೆಗೆ ಕಿಟಕಿಯಿಂದ ಬಿಸಿಲು ಹೊಡೀತಿರುತ್ತೆ, ಆಮೇಲೆ ಸುರಂಗ, ಕಬ್ಬನ್ ಪಾರ್ಕ್ ದಾಟಿ ಎಂ.ಜಿ. ರೋಡಿಗೆ ಬರುವಾಗ ಮತ್ತೆ ಬಿಸಿಲು. ಸೀಟ್ ಸಿಕ್ಕಿ ಲ್ಯಾಪ್‌ಟಾಪ್ ತೆರೆಯೋ ಭಾಗ್ಯ ಇದ್ದರೆ, ನಾಲ್ಕು ಸಲ ಕೀ ಒತ್ತೋದರಲ್ಲಿ ಕೆಲಸ ಆಗಬೇಕು. ಪಕ್ಕದವರ ಮುಂದೆ ಟರ್ಮಿನಲ್ ತೆರೆದು ಕೂರೋಕಾಗಲ್ಲ.

ಬ್ರೈಟ್‌ನೆಸ್‌ಸಿಟಿಎಲ್ ಒಂದೇ ಸಾಕಾ ಅಂತ ಕೇಳಿದರೆ, ಅಪ್ಪನ ಯಂತ್ರಕ್ಕೆ ಸಾಲದು. ಕರ್ನಲ್ ಹಿಡಿದ ದಾರಿಯೇ ತಪ್ಪಾದಾಗ ಇದೂ ಅದೇ ಸುಳ್ಳು ಡಿವೈಸ್‌ಗೆ ಬರೆದು, ಶೇ. 20ಕ್ಕೆ ಇಳಿಸಿದೆ ಅಂತ ಹೇಳಿಬಿಡುತ್ತೆ. ಆದ್ದರಿಂದ ಮೊದಲು ಫೈಲಿಗೆ ಕೈಯಾರೆ ಬರೆದು ನೋಡಿ. ಬೆಳಕು ಬದಲಾದರೆ ಬ್ರೈಟ್‌ನೆಸ್‌ಸಿಟಿಎಲ್, ಬದಲಾಗದಿದ್ದರೆ ಗ್ರಬ್. ಎಕ್ಸ್‌ರಾಂಡರ್ ಏನಿದ್ದರೂ ಅವತ್ತಿನ ರಾತ್ರಿ ಕಳೆಯೋದಕ್ಕೆ.

ಮೇಜಿನ ಮೇಲಿನ ಮಾನಿಟರ್ ಈ ಲೆಕ್ಕಕ್ಕೆ ಬರಲ್ಲ, ಬ್ಯಾಕ್‌ಲೈಟ್ ಫೋಲ್ಡರಿನಲ್ಲಿ ಅದರ ಹೆಸರೇ ಇರೋದಿಲ್ಲ. ಅದಕ್ಕೆ ಡಿಡಿಸಿಯುಟಿಲ್ ಇದೆ. ಎಚ್‌ಡಿಎಂಐ ಕೇಬಲ್ಲಿನಲ್ಲೇ ಹೋಗುವ ಡಿಡಿಸಿ ಅನ್ನೋ ಸಂಪರ್ಕದಲ್ಲಿ ಮಾನಿಟರಿಗೆ ನೇರವಾಗಿ ಹೇಳುತ್ತೆ: ಸೆಟ್‌ವಿಸಿಪಿ 10 60 ಅಂದರೆ ಬೆಳಕು 60ಕ್ಕೆ. ಇಲ್ಲಿ 10 ಅನ್ನೋದು ಬ್ರೈಟ್‌ನೆಸ್‌ನ ಸಂಕೇತ ಸಂಖ್ಯೆ. ಮಾನಿಟರಿನ ಮೆನುವಿನಲ್ಲಿ ಡಿಡಿಸಿ/ಸಿಐ ಆನ್ ಇರಬೇಕು, ಐ2ಸಿ-ಡೆವ್ ಮಾಡ್ಯೂಲ್ ಲೋಡ್ ಆಗಿರಬೇಕು. ಕಮಾಂಡ್ ಕೊಟ್ಟ ಮೇಲೆ ಒಂದು ಗಳಿಗೆ ಕಾಯಿಸಿ ಆಮೇಲೆ ಬದಲಾಗುತ್ತೆ. ಆದರೂ ಮಾನಿಟರಿನ ಹಿಂದೆ ಕೈ ಹಾಕಿ ಬಟನ್ ತಡಕಾಡೋದಕ್ಕಿಂತ ವಾಸಿ.