ದುಡ್ಡು ಕೊಟ್ಟು ಕವರ್ ಲೆಟರ್ ಬರೆಸಬೇಡಿ, ನನಗೆ ಆದದ್ದು ನಿಮಗೆ ಆಗಬಾರದು

ಪೀಣ್ಯದ ಒಂದು ಕಂಪನಿಯಲ್ಲಿ ಇಂಟರ್‌ವ್ಯೂಗೆ ಕೂತಿದ್ದೆ. ಎದುರಿಗಿದ್ದ ಮೇಡಂ, ಕೆಲಸದ ಅರ್ಜಿ ಜೊತೆ ನನ್ನ ಪರಿಚಯ ಹೇಳಿ ಕಳಿಸಿದ್ದ ಕವರ್ ಲೆಟರ್‌ನ ಪ್ರಿಂಟ್ ಕೈಯಲ್ಲಿ ಹಿಡಿದು ಕೇಳಿದರು: "ಹನ್ನೆರಡು ಜನರ ತಂಡ ನಡೆಸಿದ್ದೀನಿ ಅಂತ ಬರೆದಿದ್ದೀರಿ. ಅವರಿಗೆ ಕೆಲಸ ಹೇಗೆ ಹಂಚುತ್ತಿದ್ದಿರಿ, ಹೇಳಿ." ನಾನು ಯಾವ ತಂಡವನ್ನೂ ನಡೆಸಿದವಳಲ್ಲ. ಆ ಸಾಲು ನನ್ನ ಪತ್ರದಲ್ಲಿ ಇದೆ ಅನ್ನುವುದೇ ನನಗೆ ಗೊತ್ತಾಗಿದ್ದು ಆವಾಗ.

ಬಾಯಿ ಒಣಗಿಹೋಯಿತು. ಅವರು ಇನ್ನೊಂದು ಪ್ರಶ್ನೆ ಕೇಳಿದರು, ದೊಡ್ಡ ಕಂಪನಿಗಳು ಲೆಕ್ಕಕ್ಕೆ ಬಳಸುವ ಸ್ಯಾಪ್ ಅನ್ನುವ ಸಾಫ್ಟ್‌ವೇರ್ ಬಗ್ಗೆ. ಅದನ್ನು ನಾನು ಕಣ್ಣಲ್ಲೂ ಕಂಡಿಲ್ಲ. ಪತ್ರದ ಪ್ರಕಾರ ನನಗೆ ಅದರಲ್ಲಿ ಎರಡು ವರ್ಷದ ಅನುಭವ!

ಕೆಲಸ ಹುಡುಕುತ್ತಿರುವವರು, ಅದರಲ್ಲೂ ಸಣ್ಣ ಊರಿಂದ, ಕನ್ನಡ ಮೀಡಿಯಂನಿಂದ ಬಂದವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾನು ತಿಪಟೂರಿನವಳು. ಬಿ.ಕಾಂ. ಮುಗಿಸಿ ಮೂರು ವರ್ಷ ಅಲ್ಲೇ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದೆ. ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್, ದೆಹಲಿ ಕಡೆ ಹೋಗುವ ಲಾರಿಗಳಿಗೆ ಇ-ವೇ ಬಿಲ್, ಹಮಾಲರ ಕೂಲಿ, ರೈತರ ಪಟ್ಟಿ, ಎಲ್ಲ ನಾನೇ. ಕೊಬ್ಬರಿ ಹರಾಜಾಗುವ ಟೆಂಡರ್ ದಿನ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ಸಂಬಳ 14,000. ತಮ್ಮನನ್ನು ಕಾಲೇಜಿಗೆ ಸೇರಿಸಬೇಕಾದಾಗ ಇದು ಸಾಲುವುದಿಲ್ಲ ಅನ್ನಿಸಿತು. ತುಮಕೂರು ಇಲ್ಲವೇ ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ ಹುಡುಕಲು ಶುರು ಮಾಡಿದೆ. ಎಲ್ಲ ಕಡೆ ರೆಸ್ಯೂಮೆ ಜೊತೆ ಕವರ್ ಲೆಟರ್ ಕಳಿಸಿ ಅಂತ ಇರುತ್ತಿತ್ತು. ನಾನು ಬರೆದದ್ದು ನನಗೇ ಓದಲು ಸಂಕೋಚ ಆಗುವ ಹಾಗಿತ್ತು.

ಅಂಥ ಹೊತ್ತಲ್ಲೇ ಫೋನಿನಲ್ಲಿ ಜಾಹೀರಾತು ಕಂಡಿತು. 48 ಗಂಟೆಯಲ್ಲಿ ಕವರ್ ಲೆಟರ್, ರೆಸ್ಯೂಮೆ ರೆಡಿ, ಇಂಟರ್‌ವ್ಯೂ ಕರೆ ಗ್ಯಾರಂಟಿ, ಬರೀ 2,999 ರೂಪಾಯಿ. ಫೋನ್ ಮಾಡಿದೆ. ಮಾತಾಡಿದವನು ತುಂಬಾ ಚೆನ್ನಾಗಿ ಕನ್ನಡ ಮಾತಾಡಿದ. ನನ್ನ ಕೆಲಸದ ಬಗ್ಗೆ ಎರಡೇ ಪ್ರಶ್ನೆ ಕೇಳಿದ. ಆಮೇಲೆ ಹೇಳಿದ ಮಾತು ಇವತ್ತಿಗೂ ನೆನಪಿದೆ: "ಮಂಡಿ ಅಂತ ಬರೆದರೆ ಬೆಂಗಳೂರಲ್ಲಿ ಯಾರೂ ನೋಡಲ್ಲ ಮೇಡಂ. ಪಿಎಫ್ ಬೇರೆ ಇಲ್ಲ, ಹಂಗಾಗಿ ಅದು ಅನುಭವ ಅಂತಲೇ ಲೆಕ್ಕ ಇಲ್ಲ. ನಾವು ಸರಿ ಮಾಡಿಕೊಡ್ತೀವಿ."

ಇದು ಸುಳ್ಳು. ಸಾಮಾನ್ಯವಾಗಿ 20 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಪಿಎಫ್ ಕಡ್ಡಾಯ. ನಮ್ಮ ಮಂಡಿಯಲ್ಲಿ ಇದ್ದದ್ದು ಐದು ಜನ. ಪಿಎಫ್ ಇಲ್ಲದ್ದು ನನ್ನ ತಪ್ಪೂ ಅಲ್ಲ, ಮಾಲೀಕರ ತಪ್ಪೂ ಅಲ್ಲ. ಅವರು ಕೊಡುವ ಅನುಭವ ಪತ್ರ, ಸಂಬಳ ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಬಹುದಿತ್ತು. ಆದರೆ ಆವತ್ತು ನನಗೆ ಇದು ಗೊತ್ತಿರಲಿಲ್ಲ. ಮೂರು ವರ್ಷದ ದುಡಿಮೆ ಲೆಕ್ಕಕ್ಕೇ ಇಲ್ಲ ಅಂದುಬಿಟ್ಟಾಗ ಎದೆ ಕುಸಿದ ಹಾಗಾಯಿತು. ಅವರ ವ್ಯಾಪಾರ ನಡೆಯುವುದೇ ಈ ಹೆದರಿಕೆಯ ಮೇಲೆ ಅಂತ ಈಗ ಅರ್ಥವಾಗಿದೆ.

ದುಡ್ಡು ಹಾಕಿದೆ. ಎರಡು ದಿನಕ್ಕೆ ಪತ್ರ ಬಂತು. ಸವಾಲುಗಳನ್ನು ಅವಕಾಶವಾಗಿ ಬದಲಾಯಿಸುವ ಚುರುಕಿನ ವೃತ್ತಿಪರೆ ಅಂತೆಲ್ಲ ದೊಡ್ಡ ದೊಡ್ಡ ಇಂಗ್ಲಿಷ್ ಮಾತು. ಅರ್ಧ ಅರ್ಥ ಆಗಲಿಲ್ಲ. ಒಳ್ಳೆಯ ಇಂಗ್ಲಿಷ್ ಅಂದರೆ ಹೀಗೇ ಇರುತ್ತೆ ಅಂದುಕೊಂಡೆ. ಕೊಬ್ಬರಿ, ಮಂಡಿ, ತಿಪಟೂರು, ಒಂದು ಪದವೂ ಅದರಲ್ಲಿ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಹೋದದ್ದು ದುಡ್ಡು ಮಾತ್ರ. ಮಾರನೇ ದಿನ ಮತ್ತೆ ಫೋನ್ ಬಂತು. ಇನ್ನೂ 1,500 ಕೊಟ್ಟರೆ ನಿಮ್ಮ ಪರವಾಗಿ ನಾವೇ ಎಲ್ಲ ಕಡೆ ಅಪ್ಲೈ ಮಾಡುತ್ತೇವೆ, ಇಮೇಲ್ ಪಾಸ್‌ವರ್ಡ್ ಕೊಡಿ, ಆಧಾರ್ ಮತ್ತು ಪ್ಯಾನ್ ಫೋಟೋ ಕಳಿಸಿ ಅಂದರು. ಕೊಟ್ಟೆ. ಹೌದು, ಕೊಟ್ಟೆ. ಹಗಲೆಲ್ಲ ಮಂಡಿ ಕೆಲಸ, ರಾತ್ರಿ ಕೂತು ಒಂದೊಂದೇ ಅರ್ಜಿ ತುಂಬುವಷ್ಟು ತ್ರಾಣ ಇರಲಿಲ್ಲ. ಯಾರೋ ಮಾಡಿಕೊಡುತ್ತಾರೆ ಅಂದರೆ ದೇವರೇ ಕಳಿಸಿದ ಹಾಗೆ ಅನ್ನಿಸಿತ್ತು.

ಮೂರನೇ ವಾರದಲ್ಲಿ ಪೀಣ್ಯದಿಂದ ಕರೆ ಬಂತು. ಬೆಳಗಿನ ರೈಲು ಹಿಡಿದು ಯಶವಂತಪುರದಲ್ಲಿ ಇಳಿದು ಮೆಟ್ರೋದಲ್ಲಿ ಹೋದೆ. ಅಮ್ಮ ಹೊಸ ಚೂಡಿದಾರ್ ಹೊಲಿಸಿಕೊಟ್ಟಿದ್ದಳು. ಆಮೇಲೆ ಆದದ್ದು ಮೊದಲೇ ಹೇಳಿದ್ದೇನೆ.

ಆ ಮೇಡಂ ಒಳ್ಳೆಯವರು. ನನ್ನ ಮುಖ ನೋಡಿ ಅವರಿಗೆ ಏನೋ ಅರ್ಥವಾಗಿರಬೇಕು. ಫೈಲಿನಿಂದ ಇನ್ನೆರಡು ಪತ್ರ ತೆಗೆದು, ಹೆಸರು ಕಾಣದ ಹಾಗೆ ಕೈ ಅಡ್ಡ ಇಟ್ಟು ತೋರಿಸಿದರು. ಮೂರೂ ಪತ್ರದ ಮೊದಲ ಪ್ಯಾರಾ ಅಕ್ಷರಕ್ಕೆ ಅಕ್ಷರ ಒಂದೇ. ತಂಡದ ಸಾಲು, ಸ್ಯಾಪ್ ಸಾಲು ಕೂಡ. ನನಗೆ ತೋರಿಸಿದ ಪತ್ರ ಬೇರೆ, ನನ್ನ ಹೆಸರಲ್ಲಿ ಕಳಿಸಿದ್ದು ಬೇರೆ.

"ಹೋಗಲಿ, ನಿಜವಾಗಿ ಏನು ಕೆಲಸ ಮಾಡಿದ್ದೀರಿ ಹೇಳಿ" ಅಂದರು. ನಾನು ಚೀಲದ ವ್ಯಾಪಾರಿಯ ಕಥೆ ಹೇಳಿದೆ. ನಾವು ಗೋಣಿಚೀಲ ತರುತ್ತಿದ್ದ ಅಂಗಡಿಯವರು ರಿಟರ್ನ್ ಹಾಕುವುದರಲ್ಲಿ ಯಾವಾಗಲೂ ತಡ. ಪ್ರತಿ ತಿಂಗಳು ರಿಟರ್ನ್ ಹಾಕುವವರು 11ರೊಳಗೆ ತಮ್ಮ ಮಾರಾಟದ ವಿವರ ಇರುವ ಜಿಎಸ್‌ಟಿಆರ್-1 ಹಾಕಬೇಕು. 14ಕ್ಕೆ ನಮ್ಮ 2ಬಿ, ಅಂದರೆ ನಾವು ಖರೀದಿಯಲ್ಲಿ ಕೊಟ್ಟ ತೆರಿಗೆಯ ಪಟ್ಟಿ, ತಯಾರಾಗುತ್ತೆ. 20ಕ್ಕೆ ನಾವು 3ಬಿ ಅನ್ನುವ ರಿಟರ್ನ್ ಹಾಕಿ, ಆ ಪಟ್ಟಿಯಲ್ಲಿರುವುದನ್ನು ಕಳೆದು ಉಳಿದ ತೆರಿಗೆ ಕಟ್ಟಬೇಕು. ಅವರು 11 ದಾಟಿಸಿದರೆ ಅವರಿಗೆ ನಾವು ಕೊಟ್ಟ ತೆರಿಗೆ ನಮ್ಮ 2ಬಿಯಲ್ಲಿ ಕಾಣುವುದಿಲ್ಲ. ಕಾಣದಿದ್ದರೆ ಆ ತಿಂಗಳು ಅದನ್ನು ಕಳೆಯುವ ಹಾಗಿಲ್ಲ, ಕೈಯಿಂದ ಕಟ್ಟಬೇಕು. 2022ರ ಜನವರಿಯಿಂದ ಇದು ಬಿಗಿಯಾಗಿದೆ. ನಾನು ಪ್ರತಿ ತಿಂಗಳು 8ನೇ ತಾರೀಕಿನಿಂದಲೇ ಅವರಿಗೆ ಫೋನ್ ಮಾಡುತ್ತಿದ್ದೆ. ಕೇಳದಿದ್ದರೆ ಅಂಗಡಿಗೇ ಹೋಗಿ ಕೂರುತ್ತಿದ್ದೆ. ಹಳೇ ಬಿಲ್ಲುಗಳನ್ನೂ ತಾಳೆ ಹಾಕಿ, ಬಿಟ್ಟುಹೋಗಿದ್ದನ್ನು ಅವರಿಂದ ಹಾಕಿಸಿ, ಒಂದು ವರ್ಷದಲ್ಲಿ 62,000 ರೂಪಾಯಿ ಕ್ರೆಡಿಟ್, ಅಂದರೆ ಹೀಗೆ ಕಳೆಯಬಹುದಾದ ತೆರಿಗೆ, ಉಳಿಸಿದ್ದೆ.

ಮೇಡಂ ಪೆನ್ನು ಕೆಳಗಿಟ್ಟು ಕೇಳಿದರು. ಕೊನೆಗೆ ಅಂದರು: "ಇದನ್ನೇ ಬರೆಯಬಹುದಿತ್ತಲ್ಲಮ್ಮ. ನಮಗೆ ಬೇಕಾಗಿದ್ದು ಇದೇ ಕೆಲಸ."

ಆದರೆ ಕೆಲಸ ಕೊಡಲಿಲ್ಲ. ಸುಳ್ಳು ಬರೆದ ಪತ್ರ ಫೈಲಿನಲ್ಲಿದೆ, ಅದನ್ನಿಟ್ಟುಕೊಂಡು ಮೇಲಿನವರ ಹತ್ತಿರ ನಿಮ್ಮ ಹೆಸರು ಹೇಳಲು ನನಗೆ ಆಗುವುದಿಲ್ಲ ಅಂದರು. ಅವರು ಹೇಳಿದ್ದು ಸರಿಯೇ. ನನಗೆ ಹೆಚ್ಚು ನೋವಾಗಿದ್ದು ಅದಕ್ಕೇ. ನನ್ನ ನಿಜವಾದ ಕೆಲಸ ಅವರಿಗೆ ಸಾಕಾಗುತ್ತಿತ್ತು. ದುಡ್ಡು ಕೊಟ್ಟು ತಂದ ಸುಳ್ಳು ಅದಕ್ಕೆ ಅಡ್ಡ ನಿಂತಿತು.

ಯಶವಂತಪುರದ ಪ್ಲಾಟ್‌ಫಾರ್ಮಿನಲ್ಲಿ ಕೂತು ಮೊದಲ ಸಲ ನನ್ನ ಇಮೇಲಿನ ಸೆಂಟ್ ಫೋಲ್ಡರ್ ತೆಗೆದು ನೋಡಿದೆ. 143 ಮೇಲ್ ಹೋಗಿದ್ದವು. ಒಂದೇ ಕಂಪನಿಗೆ ಮೂರು ಬೇರೆ ಬೇರೆ ಹುದ್ದೆಗೆ ಮೂರು ಅರ್ಜಿ. ಒಂದು ಆಸ್ಪತ್ರೆಗೆ ಕಳಿಸಿದ ಪತ್ರದಲ್ಲಿ "ನಿಮ್ಮ ಸಂಸ್ಥೆಯಲ್ಲಿ ದುಡಿಯುವುದು ನನ್ನ ಕನಸು" ಅಂತ ಬರೆದು ಯಾವುದೋ ಬೇರೆ ಕಂಪನಿಯ ಹೆಸರು ಹಾಕಿದ್ದರು. ತುಮಕೂರಿನಲ್ಲಿ ನಾನು ಸೇರಬೇಕು ಅಂತ ಆಸೆಪಟ್ಟಿದ್ದ ಒಂದು ಕಾರ್ಖಾನೆಗೂ ಹೋಗಿತ್ತು, ಅದೂ ಎಚ್‌ಆರ್ ಹುದ್ದೆಗೆ. ಆ ಬಾಗಿಲೂ ಮುಚ್ಚಿತು.

ಅದಾದ ಮೇಲೆ ಬೇರೆ ಕರೆಗಳು ಶುರುವಾದವು. ನೀವು ಸೆಲೆಕ್ಟ್ ಆಗಿದ್ದೀರಿ, ಲ್ಯಾಪ್‌ಟಾಪ್ ಡೆಪಾಸಿಟ್ 6,500 ಕಟ್ಟಿ, ಸಂಬಳದ ಜೊತೆ ವಾಪಸ್ ಬರುತ್ತೆ ಅಂತ. ಒಬ್ಬನಿಗೆ ನನ್ನ ಪ್ಯಾನ್ ನಂಬರ್ ಕೂಡ ಗೊತ್ತಿತ್ತು. ನಂಬಿಬಿಡುತ್ತಿದ್ದೆನೋ ಏನೋ. ಪಕ್ಕದಲ್ಲಿ ಕೂತಿದ್ದ ಅಮ್ಮ, "ಕೆಲ್ಸ ಕೊಡೋರು ನಮಗೆ ದುಡ್ಡು ಕೊಡ್ಬೇಕು, ನಾವು ಅವ್ರಿಗಾ?" ಅಂದಳು. ಫೋನ್ ಇಟ್ಟೆ.

ನನ್ನ ಹಾಗೆ ಪಾಸ್‌ವರ್ಡ್ ಕೊಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ ನಾಳೆಗೆ ಬಿಡಬೇಡಿ. ಈಗಲೇ ಪಾಸ್‌ವರ್ಡ್ ಬದಲಿಸಿ, ಬೇರೆ ಫೋನು ಕಂಪ್ಯೂಟರುಗಳಿಂದ ಲಾಗ್ಔಟ್ ಮಾಡಿ, ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳುವ ಎರಡು ಹಂತದ ಪರಿಶೀಲನೆ ಹಾಕಿ. ದುಡ್ಡು ಮೋಸದಿಂದ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ. ಹೇಳಿದ ಸೇವೆ ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ನಾನು ಅಲ್ಲಿ ದೂರು ಕೊಟ್ಟೆ. ದುಡ್ಡು ಇನ್ನೂ ಬಂದಿಲ್ಲ. ಆಧಾರ್ ವೆಬ್‌ಸೈಟಿನಲ್ಲಿ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿಕೊಂಡೆ. ಅಲ್ಲೇ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಿಗುತ್ತೆ, ಯಾರಾದರೂ ಕೇಳಿದರೆ ಅದನ್ನು ಕೊಡಿ. ರೆಸ್ಯೂಮೆಯಲ್ಲಂತೂ ಆಧಾರ್ ನಂಬರ್, ಪ್ಯಾನ್, ತಂದೆ ಹೆಸರು, ಪೂರ್ತಿ ವಿಳಾಸ ಯಾವುದೂ ಬೇಡ. ನಮ್ಮ ಹಳೇ ಬಯೋಡೇಟಾ ಅಭ್ಯಾಸದಲ್ಲಿ ಎಲ್ಲ ತುಂಬಿಬಿಡುತ್ತೇವೆ, ಅಲ್ವಾ? ಊರು, ಫೋನ್, ಇಮೇಲ್ ಇದ್ದರೆ ಸಾಕು.

ಇನ್ನು ಪತ್ರದ ವಿಷಯ. ಒಂದು ಭಾನುವಾರ ಹಳೇ ರೋಕಡ ಪುಸ್ತಕದ ಖಾಲಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಲು ಕೂತೆ. ಮೊದಲು ಕೈ ತಾನಾಗಿ ಶಾಲೆಯ ದಾರಿಗೇ ಹೋಯಿತು. ಇವರಿಂದ, ಇವರಿಗೆ, ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ. ಹತ್ತನೇ ಕ್ಲಾಸಿನಲ್ಲಿ ಇದಕ್ಕೆ ಪೂರ್ತಿ ಅಂಕ ಬಂದಿತ್ತು. ಆದರೆ ಅದು ರಜೆ ಕೇಳುವ, ಬೀದಿ ದೀಪ ಹಾಕಿಸಿ ಅಂತ ಬೇಡುವ ಪತ್ರದ ಧಾಟಿ. ಕೆಲಸ ಕೇಳುವಾಗ ಬೇಡಬೇಕಾಗಿಲ್ಲ. ನಿಮಗೆ ಇಂಥ ಕೆಲಸ ಆಗಬೇಕು, ಅದನ್ನು ನಾನು ಇಂಥ ಕಡೆ ಹೀಗೆ ಮಾಡಿದ್ದೇನೆ, ಅಷ್ಟು ಹೇಳಬೇಕು. ಹಾಗಾಗಿ ಆ ಮೇಡಂ ಎದುರು ಬಾಯಲ್ಲಿ ಹೇಳಿದ್ದನ್ನೇ ಹಾಳೆಗೆ ಇಳಿಸಿದೆ.

"ನಿಮ್ಮ ಜಾಹೀರಾತಿನಲ್ಲಿ ಜಿಎಸ್‌ಟಿ ಲೆಕ್ಕ ತಾಳೆ ನೋಡುವವರು ಬೇಕು ಅಂತಿದೆ. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಮೂರು ವರ್ಷ ಆ ಕೆಲಸ ಪೂರ್ತಿ ನಾನೇ ನೋಡಿಕೊಂಡಿದ್ದೇನೆ." ಮೊದಲ ಪ್ಯಾರಾ ಅಷ್ಟೇ. ಎರಡನೆಯದರಲ್ಲಿ ಚೀಲದ ವ್ಯಾಪಾರಿ, 62,000 ರೂಪಾಯಿ. ಮೂರನೆಯದು, ಸ್ಯಾಪ್ ಬಳಸಿಲ್ಲ, ಟ್ಯಾಲಿ ಮತ್ತು ಎಕ್ಸೆಲ್ ಚೆನ್ನಾಗಿ ಬರುತ್ತೆ, ಕಲಿಯಲು ತಯಾರಿದ್ದೇನೆ ಅಂತ ನೇರವಾಗಿ. ಯಾವ ತಾರೀಕಿನಿಂದ ಸೇರಬಹುದು ಅನ್ನುವುದು ಕೊನೆಯ ಸಾಲು. ಅರ್ಧ ಪುಟ ದಾಟಲಿಲ್ಲ. ಚಿಕ್ಕಪ್ಪನ ಮಗಳು ಜೊತೆಗೆ ಕೂತು ಅದನ್ನು ಸರಳ ಇಂಗ್ಲಿಷಿಗೆ ತಂದಳು. ಗೊತ್ತಿಲ್ಲದ ಪದ ಒಂದನ್ನೂ ಹಾಕಲು ನಾನು ಬಿಡಲಿಲ್ಲ. ಮಂಡಿ ಅನ್ನುವ ಪದವನ್ನೂ ತೆಗೆಯಲಿಲ್ಲ.

ಈಗಲೂ ಕಳಿಸುವ ಮೊದಲು ಒಂದು ಕೆಲಸ ಮಾಡುತ್ತೇನೆ. ಪತ್ರದ ಒಂದೊಂದು ಸಾಲಿಗೂ ಅಮ್ಮನ ಕೈಲಿ "ಇದೇನು, ಹೇಳು" ಅಂತ ಕೇಳಿಸಿಕೊಳ್ಳುತ್ತೇನೆ. ಎರಡು ನಿಮಿಷ ಬಿಡಿಸಿ ಹೇಳಲು ಬಾರದ ಸಾಲನ್ನು ಹೊಡೆದು ಹಾಕುತ್ತೇನೆ. ಆಮೇಲೆ ಕಂಪನಿಯ ಹೆಸರು, ಹುದ್ದೆಯ ಹೆಸರು ಇನ್ನೊಮ್ಮೆ ನೋಡುತ್ತೇನೆ. ಆ ಆಸ್ಪತ್ರೆಗೆ ಹೋದ ಪತ್ರ ಮರೆತಿಲ್ಲ.

ಈಗ ಫೋನಿನಲ್ಲೇ ಎಐ ಇದೆಯಲ್ಲ, ಅದರ ಕೈಲಿ ಬರೆಸಬಹುದಾ ಅಂತ ತಮ್ಮ ಕೇಳುತ್ತಾನೆ. ಸುಮ್ನೆ "ಅಕೌಂಟೆಂಟ್ ಕೆಲಸಕ್ಕೆ ಪತ್ರ ಬರೆ" ಅಂದರೆ ಅದೂ ಎಲ್ಲರಿಗೂ ಒಪ್ಪುವ ಪತ್ರವನ್ನೇ ಕೊಡುತ್ತೆ. ನೀವು ಬರೆದದ್ದರ ವ್ಯಾಕರಣ ತಿದ್ದಿಸಿಕೊಳ್ಳಿ, ಅದರಲ್ಲಿ ತಪ್ಪಿಲ್ಲ. ತಿದ್ದಿದ ಮೇಲೆ ನೀವು ಮಾಡದ ಕೆಲಸ ಏನಾದರೂ ಒಳಗೆ ಸೇರಿದೆಯಾ ಅಂತ ಓದಿ ನೋಡಿ.

ಹೊಸ ಪತ್ರ ಒಂಬತ್ತು ಕಡೆ ಕಳಿಸಿದೆ, ಪ್ರತಿ ಸಲ ಮೊದಲ ಪ್ಯಾರಾ ಬದಲಿಸಿ. ನಾಲ್ಕು ಕಡೆಯಿಂದ ಕರೆ ಬಂತು. ಈಗ ತುಮಕೂರಿನಲ್ಲಿ ಕೆಲಸದಲ್ಲಿದ್ದೇನೆ. ಇಂಟರ್‌ವ್ಯೂನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ, "ಆ ಚೀಲದ ವ್ಯಾಪಾರಿ ಕೊನೆಗೂ ದಾರಿಗೆ ಬಂದರಾ?"

ಇಷ್ಟು ದಿನ ಇದನ್ನು ಯಾರಿಗೂ ಹೇಳಿರಲಿಲ್ಲ. ನಿನ್ನೆ ತಮ್ಮನ ಫೋನಿನಲ್ಲಿ ಅದೇ ಜಾಹೀರಾತು ಕಂಡಿತು. ಹೆಸರು ಬದಲಾಗಿದೆ, ಬಣ್ಣ ಬದಲಾಗಿದೆ, ಅದೇ 48 ಗಂಟೆ, ಅದೇ ಗ್ಯಾರಂಟಿ. ರೇಟು 3,499 ಆಗಿದೆ. ಕೆಳಗೆ ಒಬ್ಬ ಹುಡುಗಿ, ನಾನು ಹಾಸನದ ಹತ್ತಿರದ ಹಳ್ಳಿಯವಳು, ನನಗೂ ಮಾಡಿಕೊಡ್ತೀರಾ ಅಂತ ಕೇಳಿದ್ದಳು.