ಹಳಿ ತಪ್ಪಿದ ಕಾರಿನ ಗಾಜು: ಟೇಪಿನಿಂದ ಕಂಪನಿ ಮೆಷಿನ್‌ವರೆಗೆ ಒಂದು ಹೋಲಿಕೆ

ಕಾರಿನ ಪವರ್ ವಿಂಡೋ ಹಳಿ ತಪ್ಪಿ ಕುಸಿದರೆ ಒಣ ಊರಿನವರು ನಾಲ್ಕು ದಿನ ಹಾಗೆಯೇ ಓಡಿಸಬಹುದು. ಕಾಸರಗೋಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಆಗದ ಮಾತು. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಜಿಲ್ಲೆ ಇದು. ಗಾಜು ಅರ್ಧಕ್ಕೆ ಜಾರಿದ ಕಾರನ್ನು ಒಂದು ರಾತ್ರಿ ಅಂಗಳದಲ್ಲಿ ಬಿಟ್ಟರೆ ಬೆಳಿಗ್ಗೆ ಸೀಟಿನಿಂದ ನೀರು ಹಿಂಡಬಹುದು. ಆಮೇಲೆ ಆ ವಾಸನೆ ನವರಾತ್ರಿಯವರೆಗೂ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಹಳೆಯ ಸಣ್ಣ ಕಾರೊಂದಿದೆ, ತಮ್ಮನ ಸೆಡಾನ್ ಇದೆ, ಪೆರ್ಲದ ಭಾವನ ಬಳಿ ತೋಟದ ಕೆಲಸಕ್ಕೂ ಪೇಟೆಗೂ ಓಡುವ ಗಟ್ಟಿ ಗಾಡಿಯೊಂದಿದೆ. ಮೂರರಲ್ಲೂ ಗಾಜು ಜಾರಿದೆ, ಮೂರರಲ್ಲೂ ಕಾರಣ ಬೇರೆ. ಟೇಪು, ಅಂಟು, ಕ್ಲಿಪ್ಪು, ಗುಜರಿ ಮಾಲು, ಮಾರ್ಕೆಟ್ ಮಾಲು, ಕಂಪನಿ ಮಾಲು ಎಲ್ಲವನ್ನೂ ಈ ಬಾಗಿಲುಗಳಲ್ಲಿ ಹಾಕಿ ನೋಡಿದ್ದಾಗಿದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಲ್ಲಿ ರಿಪೇರಿ ಮಾಡಿಸುವುದು ಎಂದು ಕೇಳುವ ಮೊದಲು ಬಾಗಿಲಿನೊಳಗೆ ಏನು ತುಂಡಾಗಿದೆ ಎಂದು ತಿಳಿಯಬೇಕು. ಇನ್ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ ಮೂರು ಸಾವಿರ ತೆರುವುದೂ, ಮೂರು ಸಾವಿರದ ಕೆಲಸವನ್ನು ಇನ್ನೂರರಲ್ಲಿ ಮುಗಿಸಹೋಗಿ ನಡುಮಳೆಯಲ್ಲಿ ಸಿಕ್ಕಿಬೀಳುವುದೂ ಇದನ್ನು ತಿಳಿಯದೆ ಆಗುವಂಥವು.

ಬಾಗಿಲಿನೊಳಗೆ ಗಾಜನ್ನು ಎತ್ತಿ ಇಳಿಸುವ ಸಾಧನಕ್ಕೆ ನಮ್ಮ ಕಡೆಯ ಮೇಸ್ತ್ರಿಗಳು ಮೆಷಿನ್ ಎನ್ನುತ್ತಾರೆ, ಬಿಲ್ಲಿನಲ್ಲಿ ರೆಗ್ಯುಲೇಟರ್ ಎಂದು ಬರುತ್ತದೆ. ಅದರಲ್ಲಿ ಎರಡು ಜಾತಿ. ಒಂದರಲ್ಲಿ ಕತ್ತರಿಯಾಕಾರದ ಉಕ್ಕಿನ ತೋಳುಗಳು ಮಡಚಿ ಬಿಚ್ಚುತ್ತವೆ. ಭಾವನ ಗಾಡಿಯದು ಇದೇ. ಇನ್ನೊಂದರಲ್ಲಿ ಬಾವಿಯ ರಾಟೆಯಲ್ಲಿ ಹಗ್ಗ ಓಡುವ ಹಾಗೆ ಸಣ್ಣ ತಂತಿ ಕೇಬಲ್ ಮೇಲೆ ಕೆಳಗೆ ಓಡುತ್ತದೆ; ಆ ಕೇಬಲ್ಲಿಗೆ ಕಟ್ಟಿದ ಪ್ಲಾಸ್ಟಿಕ್ ಕ್ಲಿಪ್ಪು ಉಕ್ಕಿನ ಪಟ್ಟಿಯ ಮೇಲೆ ಜಾರುತ್ತಾ ಗಾಜನ್ನು ಹೊತ್ತುಕೊಂಡಿರುತ್ತದೆ. ಈಗಿನ ಹೆಚ್ಚಿನ ಕಾರುಗಳಲ್ಲಿ ಇರುವುದು ಈ ಕೇಬಲ್ ಜಾತಿಯೇ. ಎರಡರಲ್ಲೂ ಗಾಜಿನ ಎರಡು ಅಂಚುಗಳು ಬಾಗಿಲಿನ ಚೌಕಟ್ಟಿನ ರಬ್ಬರ್ ಬೀಡಿಂಗ್‌ನ ತೋಡಿನೊಳಗೆ ಓಡುತ್ತವೆ. ಗಾಜು ಈ ತೋಡಿನಿಂದ ಹೊರಬಂದಿದೆಯೇ, ಕ್ಲಿಪ್ಪು ಮುರಿದಿದೆಯೇ, ಕೇಬಲ್ ಹರಿದಿದೆಯೇ, ಅಥವಾ ಗಾಜಿನ ಬುಡಕ್ಕೆ ಅಂಟಿಸಿದ ಲೋಹದ ಪಟ್ಟಿ ಬಿಟ್ಟಿದೆಯೇ: ಹಳಿ ತಪ್ಪುವುದು ಎಂದರೆ ಈ ನಾಲ್ಕರಲ್ಲಿ ಒಂದು.

ಸ್ವಿಚ್ಚನ್ನು ಒಂದೇ ಒಂದು ಸಲ ಒತ್ತಿ ಕಿವಿಗೊಟ್ಟರೆ ಅರ್ಧ ಉತ್ತರ ಸಿಗುತ್ತದೆ. ಮೋಟಾರ್ ಸಲೀಸಾಗಿ ತಿರುಗುವ ಸದ್ದಿದ್ದೂ ಗಾಜು ಅಲುಗದಿದ್ದರೆ ಕ್ಲಿಪ್ಪು ಅಥವಾ ಬುಡದ ಪಟ್ಟಿ ಹೋಗಿದೆ. ಕಟಕಟ ಎಂದು ಸಿಕ್ಕಿಸಿಕೊಂಡ ಸದ್ದು ಬಂದರೆ ಕೇಬಲ್ ಹರಿದು ಉರುಳೆಯಲ್ಲಿ ಸುತ್ತಿಕೊಳ್ಳುತ್ತಿದೆ. ಗಾಜು ಒಂದು ಮೂಲೆ ಮೇಲೆ, ಇನ್ನೊಂದು ಮೂಲೆ ಕೆಳಗಾಗಿ ಓರೆಯಾಗಿ ಏರಿದರೆ ಅಂಚು ತೋಡಿನಿಂದ ಹೊರಬಂದಿದೆ, ಇಲ್ಲವೇ ಎರಡು ಹಿಡಿತಗಳಲ್ಲಿ ಒಂದು ಬಿಟ್ಟಿದೆ. ಸದ್ದೇ ಇಲ್ಲವೆಂದರೆ ಅದು ಹಳಿಯ ತಕರಾರಲ್ಲ. ಫ್ಯೂಸು, ಸ್ವಿಚ್ಚು, ವೈರು ನೋಡಬೇಕು. ನಾವು ಕಾರು ಒಯ್ಯುವ ಬದಿಯಡ್ಕದ ಮೇಸ್ತ್ರಿ ಮೊದಲು ಕೇಳುವುದು, "ಮಾಷ್ಟ್ರೇ, ಗಾಜು ಬಿದ್ದ ಮೇಲೆ ಎಷ್ಟು ಸಲ ಸ್ವಿಚ್ ಒತ್ತಿದಿರಿ?" ಎಂದು. ಆ ಪ್ರಶ್ನೆ ಸರಿಯಾದದ್ದು. ಓರೆಯಾದ ಗಾಜಿನ ಮೇಲೆ ಮೋಟಾರಿನ ಬಲ ಬಿದ್ದರೆ ಅಂಚು ತಗಡಿಗೆ ಒತ್ತುತ್ತದೆ. ಬಾಗಿಲಿನ ಗಾಜು ಸಾಮಾನ್ಯವಾಗಿ ಟೆಂಪರ್ಡ್, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಮಾಡಿದ್ದು. ನಡುವಿನಲ್ಲಿ ಪೆಟ್ಟು ತಾಳಿಕೊಂಡರೂ ಅಂಚಿಗೆ ಪೆಟ್ಟಾದರೆ ಇಡೀ ಗಾಜು ಒಮ್ಮೆಲೇ ಹರಳುಹರಳಾಗಿ ಉದುರುತ್ತದೆ. ಆಗ ಮೆಷಿನ್‌ನ ಜೊತೆ ಗಾಜಿನ ಖರ್ಚೂ ಸೇರುತ್ತದೆ.

ಇನ್ನು ತಾತ್ಕಾಲಿಕ ಉಪಾಯಗಳು. ಬಾಗಿಲು ತೆರೆದು, ಗಾಜಿನ ಎರಡೂ ಮೈಗೆ ಅಂಗೈ ಒತ್ತಿ ನಿಧಾನವಾಗಿ ಮೇಲೆ ಸರಿಸಿದರೆ ಕ್ಲಿಪ್ಪು ಮುರಿದ ಗಾಜು ಏರಿ ಬರುತ್ತದೆ. ಆದರೆ ಗಾಜು ಇನ್ನೂ ಮೆಷಿನ್‌ಗೆ ಹಿಡಿದುಕೊಂಡಿದ್ದರೆ ಬರುವುದಿಲ್ಲ. ಮೋಟಾರಿನ ಗೇರ್ ಹೊರಗಿನಿಂದ ಎಷ್ಟು ತಳ್ಳಿದರೂ ತಿರುಗದ ಹಾಗೆಯೇ ಮಾಡಿರುವಂಥದ್ದು. ಅಲ್ಲಿ ಬಲ ಹಾಕಬಾರದು. ಏರಿದ ಗಾಜನ್ನು ನಿಲ್ಲಿಸಲು ಪೇಂಟಿಂಗ್‌ನವರ ಕಾಗದದ ಟೇಪು ಮಳೆಗೆ ನಿಲ್ಲಲಿಲ್ಲ. ಕಂದು ಪ್ಯಾಕಿಂಗ್ ಟೇಪು ನಿಂತಿತು, ಆದರೆ ಎರಡು ಬಿಸಿಲು ಕಂಡ ಮೇಲೆ ಅದರ ಅಂಟು ಗಾಜನ್ನೂ ಬಣ್ಣವನ್ನೂ ಬಿಡಲು ಒಪ್ಪಲಿಲ್ಲ. ಅಗಲದ ಪಾರದರ್ಶಕ ಟೇಪನ್ನು ಒಣಗಿದ ಗಾಜಿಗೆ ಹೊರಗಿನಿಂದ ಹಚ್ಚಿ, ಚೌಕಟ್ಟಿನ ಮೇಲಿಂದ ಒಳಮೈಗೆ ಮಡಚಿದ್ದು ಇವುಗಳಲ್ಲಿ ವಾಸಿ. ಆದರೂ ಎಲ್ಲ ಟೇಪಿಗಿಂತ ಮೇಲಾದದ್ದು ಮೇಸ್ತ್ರಿ ಮಾಡಿದ ಕೆಲಸ: ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಮೈಯ ಹೊದಿಕೆ, ಕಳಚಿ, ಅಳತೆಗೆ ಕೊಯ್ದ ಮರದ ತುಂಡನ್ನು ಗಾಜಿನ ಬುಡಕ್ಕೆ ಊರುಗೋಲಾಗಿ ನಿಲ್ಲಿಸಿ, ಸ್ವಿಚ್ಚಿನ ತಂತಿ ಬಿಡಿಸಿದರು. ಮಂಗಳೂರಿನಿಂದ ಬಿಡಿಭಾಗ ಬರುವ ತನಕ ತಮ್ಮ ಅದೇ ಸ್ಥಿತಿಯಲ್ಲಿ ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಓಡಾಡಿದ; ಗಾಜು ಕದಲಲಿಲ್ಲ. ಬಾಗಿಲನ್ನು ಢಮ್ಮೆಂದು ಹಾಕಬಾರದು, ಅಷ್ಟೇ.

ಅಂಟಿನ ವಿಚಾರ. ನಮ್ಮ ಹಳೆಯ ಕಾರಿನ ಹಿಂಬಾಗಿಲಿನಲ್ಲಿ ಬಿಟ್ಟದ್ದು ಗಾಜಿನ ಬುಡದ ಲೋಹದ ಪಟ್ಟಿ. ಕ್ಷಣದಲ್ಲಿ ಹಿಡಿಯುವ ಅಂಗಡಿ ಅಂಟು ಇಲ್ಲಿ ಪ್ರಯೋಜನಕ್ಕಿಲ್ಲ. ಅದು ಗಟ್ಟಿಯಾದ ಮೇಲೆ ಬಾಗುವುದಿಲ್ಲ, ಬಾಗಿಲಿನ ಅದುರಿಗೂ ಬಿಸಿಲಿಗೂ ಬಿರಿದು ಬಿಡುತ್ತದೆ. ಮುಂದಿನ ದೊಡ್ಡ ಗಾಜನ್ನು ಕೂರಿಸಲು ಬಳಸುವ ಕಪ್ಪು ಪಾಲಿಯುರೆಥೇನ್ ಸೀಲಂಟ್ ಬೇರೆಯೇ ಜಾತಿ. ಹಳೆಯ ಅಂಟನ್ನು ಕೆರೆದು ತೆಗೆದು, ತುಕ್ಕನ್ನು ಉಜ್ಜಿ, ಎಣ್ಣೆಯಂಶ ಒರೆಸಿ ಹಚ್ಚಿ, ಒಂದು ದಿನ ಪೂರ್ತಿ ಮುಟ್ಟದೆ ಬಿಟ್ಟ ಮೇಲೆ ಅದು ಹಿಡಿದ ಹಿಡಿತ ಇವತ್ತಿಗೂ ಸಡಿಲಿಲ್ಲ. ಈ ಸೀಲಂಟ್ ಗಾಳಿಯ ತೇವವನ್ನು ಹೀರಿಕೊಂಡೇ ಗಟ್ಟಿಯಾಗುವುದು. ಹಚ್ಚುವ ಜಾಗ ಒಣಗಿದ್ದರೆ ಸಾಕು, ನಮ್ಮ ಆಷಾಢದ ಹವೆ ಅದಕ್ಕೆ ಅನುಕೂಲವೇ. ಕ್ಲಿಪ್ಪು ಮುರಿದಲ್ಲಿ ಮಾತ್ರ ಯಾವ ಅಂಟೂ ಬೇಡ.

ಕ್ಲಿಪ್ಪಿಗೆ ಕ್ಲಿಪ್ಪೇ ಮದ್ದು. ತಮ್ಮನ ಸೆಡಾನ್‌ನ ಮುಂಬಾಗಿಲಿನಲ್ಲಿ ಮೊದಲ ಸಲ ಕೇಬಲ್ ಚೆನ್ನಾಗಿಯೇ ಇತ್ತು, ಬಿಳಿ ಪ್ಲಾಸ್ಟಿಕ್ ತುಂಡು ಮಾತ್ರ ಎರಡಾಗಿತ್ತು. ಬಿಡಿ ಕ್ಲಿಪ್ಪು ಆನ್‌ಲೈನ್‌ನಲ್ಲಿ 200 ರೂಪಾಯಿಯ ಆಸುಪಾಸಿಗೆ ಸಿಕ್ಕಿತು. ಇಬ್ಬರೂ ಸೇರಿ ಮನೆಯಲ್ಲೇ ಹಾಕಿದೆವು. ಕೈಹಿಡಿಯ ಸಣ್ಣ ಮುಚ್ಚಳದ ಹಿಂದೆ ಅಡಗಿದ ಸ್ಕ್ರೂಗಳನ್ನು ಬಿಚ್ಚಿ, ಪ್ಯಾಡನ್ನು ಕೆಳಗಿನ ಅಂಚಿನಿಂದ ಎಳೆದು, ವೈರಿನ ಸಾಕೆಟ್ ಕಳಚಿ, ತಗಡಿನ ತೂತುಗಳಿಂದ ಗಾಜಿನ ಬೋಲ್ಟ್ ಬಿಚ್ಚುವುದು; ಒಬ್ಬರು ಗಾಜು ಹಿಡಿದುಕೊಳ್ಳಲೇಬೇಕು. ಒಳಗಿನ ತಗಡಿನ ಅಂಚು ಕತ್ತಿಯಷ್ಟು ಚೂಪು, ಗ್ಲೌಸ್ ಇಲ್ಲದೆ ಕೈ ಹಾಕಬೇಡಿ. ಕತ್ತರಿ ಜಾತಿಯ ಮೆಷಿನ್ ಆದರೆ ಮನೆಯಲ್ಲಿ ಬಿಚ್ಚಲೇಬೇಡಿ ಎನ್ನುತ್ತೇನೆ. ಅದರ ಸ್ಪ್ರಿಂಗ್ ಬಿಗಿದುಕೊಂಡಿರುತ್ತದೆ. ತೋಳನ್ನು ಕಟ್ಟಿಹಾಕದೆ ಮೋಟಾರ್ ತೆಗೆದರೆ ತೋಳು ರಪ್ಪನೆ ತಿರುಗಿ ಬೆರಳು ಮುರಿಯುವಷ್ಟು ಬಲ ಅದಕ್ಕಿದೆ.

ಆ ಕ್ಲಿಪ್ಪು ಚೆನ್ನಾಗಿಯೇ ದುಡಿಯಿತು. ಕೊನೆಗೆ ಹೋದದ್ದು ಕೇಬಲ್. ಒಂದೊಂದೇ ಎಳೆ ಹರಿದು ಮುಳ್ಳಿನಂತೆ ಎದ್ದಿದ್ದವು. ಕೇಬಲ್ ಹೋದ ಮೇಲೆ ಇಡೀ ಮೆಷಿನ್ ಬದಲಿಸುವುದೇ ದಾರಿ. ಬೈಕಿನ ಕ್ಲಚ್ ಕೇಬಲ್ ಕತ್ತರಿಸಿ ಹಾಕಿಕೊಡುತ್ತೇವೆ ಎಂದು ಹೇಳುವವರೂ ಇದ್ದಾರೆ, ಉರುಳೆಯ ಸುತ್ತಿಗೆ ಆ ದಪ್ಪ ಕೂಡಿಬರುವುದಿಲ್ಲ.

ಮೆಷಿನ್ ಬದಲಿಸುವಾಗ ಗುಜರಿ, ಮಾರ್ಕೆಟ್, ಕಂಪನಿ ಎಂಬ ಮೂರು ದಾರಿ. ನಿಜವಾದ ಸ್ಪರ್ಧೆ ಇರುವುದು ಇಲ್ಲಿಯೇ.

ಭಾವ ತನ್ನ ಗಾಡಿಗೆ ಮಂಗಳೂರಿನ ಗುಜರಿ ಅಂಗಡಿಯಿಂದ ಕತ್ತರಿ ತೋಳಿನ ಹಳೆಯ ಮೆಷಿನ್ ತಂದ. ಇಡೀ ಸಾಧನ ಉಕ್ಕು. ಗಾಲಿಗಳಿಗೆ ಗ್ರೀಸ್ ಹಾಕಿ ಕೂರಿಸಿದ ಮೇಲೆ ಹೊಸದರಂತೆ ಓಡಿತು, ಇನ್ನೂ ಓಡುತ್ತಿದೆ. ಅದನ್ನು ನೋಡಿ ತಮ್ಮನ ಸೆಡಾನ್‌ಗೂ ಗುಜರಿಯ ಕೇಬಲ್ ಮೆಷಿನ್ ತಂದೆವು. ಮೋಟಾರ್ ಗಟ್ಟಿಯಾಗಿತ್ತು, ಪ್ಲಾಸ್ಟಿಕ್ ಮಾತ್ರ ಬೇಗನೆ ಬಿರುಕು ಬಿಟ್ಟಿತು. ನಮ್ಮ ಕಾರಿನಲ್ಲಿ ಮುರಿದ ತುಂಡಿಗೆ ಎಷ್ಟು ವಯಸ್ಸೋ ಗುಜರಿಯ ತುಂಡಿಗೂ ಅಷ್ಟೇ ವಯಸ್ಸು, ಅದು ಕಂಡ ಬಿಸಿಲೂ ಅಷ್ಟೇ. ಆದ್ದರಿಂದ ಗುಜರಿಯಿಂದ ಉಕ್ಕಿನ ಮೆಷಿನ್, ಮೋಟಾರ್, ಸ್ವಿಚ್ಚು ಧಾರಾಳವಾಗಿ ತರಬಹುದು. ಕೇಬಲ್ ಮೆಷಿನ್ ಬೇಡ. ತರುವಾಗ ಎಡ ಬಾಗಿಲೋ ಬಲ ಬಾಗಿಲೋ ಹೇಳಿ ತರಬೇಕು, ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.

ಮಾರ್ಕೆಟ್ ಮಾಲು, ಅಂದರೆ ಕಂಪನಿಯ ಮುದ್ರೆ ಇಲ್ಲದ ಹೊಸ ಮೆಷಿನ್, ಮೋಟಾರ್ ಇಲ್ಲದೆ 1,000 ರೂಪಾಯಿಯ ಆಚೀಚೆಗೆ ಸಿಕ್ಕಿತು. ಹಳೆಯ ಕಾರಿನ ಇನ್ನೊಂದು ಬಾಗಿಲಿಗೆ ಅದನ್ನೇ ಹಾಕಿಸಿದೆ. ಪಟ್ಟಿಯ ತಗಡು ತೆಳು, ಬೋಲ್ಟಿನ ತೂತು ಸ್ವಲ್ಪ ಆಚೆ ಇದ್ದುದರಿಂದ ಮೇಸ್ತ್ರಿ ಅರದಿಂದ ಉಜ್ಜಿ ಕೂರಿಸಬೇಕಾಯಿತು. ಗಾಜು ಏರುವಾಗ ಪಕ್ಕದ ಬಾಗಿಲಿಗಿಂತ ನಿಧಾನ, ಸದ್ದೂ ಹೆಚ್ಚು. ಆದರೆ ಕೈಕೊಟ್ಟಿಲ್ಲ. ಅಪರೂಪಕ್ಕೆ ಇಳಿಸುವ ಹಿಂಬಾಗಿಲಿಗೆ ಇದು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಳ್ಳುವ ಮೊದಲು ಹಳೆಯದನ್ನು ಪಕ್ಕದಲ್ಲಿಟ್ಟು ತೂತುಗಳನ್ನು ತಾಳೆ ನೋಡಿಕೊಳ್ಳಬೇಕು.

ಸೆಡಾನ್‌ನ ಚಾಲಕನ ಬಾಗಿಲಿಗೆ ಕೊನೆಗೆ ಹಾಕಿಸಿದ್ದು ಕಂಪನಿ ಮೆಷಿನ್, ಮಂಗಳೂರಿನ ಸರ್ವಿಸ್ ಸೆಂಟರ್ ಒಂದರಲ್ಲಿ. ಕ್ಲಿಪ್ಪು ಮಾತ್ರ, ಕೇಬಲ್ ಮಾತ್ರ ಎಂಬ ಮಾತು ಅಲ್ಲಿ ನಡೆಯುವುದಿಲ್ಲ, ಇಡೀ ಜೋಡಣೆಯೇ. ಕೂಲಿ ಸೇರಿ 4,000 ರೂಪಾಯಿಯ ಹತ್ತಿರ ಬಂತು. ಬದಿಯಡ್ಕದಲ್ಲಿ ಕೂಲಿಗೆ ಕೊಡುವುದು ಅದರ ಎಂಟನೆಯ ಒಂದು ಪಾಲು. ಭಾಗ ತರಿಸಲು ಕಾಯಬೇಕಾಯಿತು, 50 ಕಿಲೋಮೀಟರ್ ದೂರದ ಊರಿಗೆ ಎರಡೆರಡು ಬಾರಿ ಹೋಗಬೇಕಾಯಿತು. ಆದರೆ ಕೆಲಸದ ಅಚ್ಚುಕಟ್ಟು ಬೇರೆಯೇ: ಒಡೆದ ಪ್ಯಾಡ್ ಗುಬ್ಬಿಗಳನ್ನು ಬದಲಿಸಿದ್ದರು, ಗಾಜು ಮೇಲಿನ ರಬ್ಬರಿಗೆ ಸಮವಾಗಿ ಮುಟ್ಟುವಂತೆ ಹೊಂದಿಸಿದ್ದರು, ಬಿಲ್ಲಿನಲ್ಲಿ ಖಾತರಿ ಬರೆದುಕೊಟ್ಟರು. ದಿನಕ್ಕೆ ಹತ್ತಾರು ಸಲ ಏರಿಳಿಯುವ ಚಾಲಕನ ಬಾಗಿಲಿಗೆ ಆ ಹಣ ದಂಡವಲ್ಲ. ವಿಮೆಯನ್ನು ನಂಬಬೇಡಿ, ಸಾಮಾನ್ಯ ವಾಹನ ವಿಮೆ ಯಾಂತ್ರಿಕ, ವಿದ್ಯುತ್ ಕೆಡುಕುಗಳನ್ನು ಹೊರಗಿಡುತ್ತದೆ.

ಅಷ್ಟೂ ಅಚ್ಚುಕಟ್ಟು ಬೇಕೆನ್ನಲು ಒಂದು ಕಾರಣವಿದೆ, ಅದನ್ನು ಯಾರೂ ಬಿಲ್ಲಿನಲ್ಲಿ ಬರೆಯುವುದಿಲ್ಲ. ಪ್ಯಾಡ್‌ನ ಹಿಂದೆ ಬಾಗಿಲಿನ ತಗಡಿಗೆ ಕಪ್ಪು ಮೇಣದಂಥ ಅಂಟಿನಿಂದ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಗಾಜಿನ ಮೇಲಿಂದ ಇಳಿದ ಮಳೆನೀರು ಬಾಗಿಲಿನ ಹೊಟ್ಟೆಗೆ ಬಿದ್ದು ಬುಡದ ತೂತುಗಳಿಂದ ಹೊರಹೋಗಬೇಕು, ಒಳಗೆ ಬರದಂತೆ ತಡೆಯುವುದು ಆ ಹಾಳೆ. ಗಡಿಬಿಡಿಯ ಗ್ಯಾರೇಜುಗಳಲ್ಲಿ ಅದನ್ನು ಹರಿದು ಎಸೆಯುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಮೆಷಿನ್ ಹೊಸದು, ಗಾಜು ಸರಾಗ. ಆದರೆ ಮೊದಲ ಜೋರು ಮಳೆಗೆ ಕಾಲಡಿಯ ಮ್ಯಾಟ್ ತೊಯ್ದಿರುತ್ತದೆ. ಯಾರ ಕೈಯಲ್ಲಿ ಮಾಡಿಸಿದರೂ "ಆ ಹಾಳೆಯನ್ನು ಹಾಗೆಯೇ ತಿರುಗಿ ಅಂಟಿಸಿ" ಎಂದು ಎದುರು ನಿಂತು ಹೇಳಬೇಕು. ಮನೆಗೆ ಬಂದು ಚೊಂಬಿನಿಂದ ಗಾಜಿನ ಬುಡಕ್ಕೆ ನೀರು ಸುರಿದು, ಅದು ಬಾಗಿಲಿನ ಅಡಿಯಿಂದ ಇಳಿಯುತ್ತದೆಯೇ ಎಂದು ನೋಡಬೇಕು.

ರಬ್ಬರ್ ಬೀಡಿಂಗ್‌ಗೂ ಇಷ್ಟೇ ಮಹತ್ವ. ಕ್ಲಿಪ್ಪು ಸುಮ್ಮನೆ ಮುರಿಯುವುದಿಲ್ಲ. ತೋಡಿನಲ್ಲಿ ಗಾಜು ಬಿಗಿಯಾಗಿ ಓಡಿ ಓಡಿ ಅದನ್ನು ಮುರಿಯುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಆರು ಪಥದ ಕೆಲಸ ನಡೆದ ವರ್ಷಗಳಲ್ಲಿ ಎದ್ದ ಕೆಂಪು ಧೂಳು ನಮ್ಮೆಲ್ಲ ಕಾರುಗಳ ತೋಡುಗಳಲ್ಲಿ ತುಂಬಿತ್ತು. ಇಲ್ಲಿ ಬಹಳ ಮಂದಿ ತೆಂಗಿನೆಣ್ಣೆ ಹಚ್ಚುತ್ತಾರೆ, ನಾನೂ ಒಂದು ಬಾಗಿಲಿಗೆ ಹಚ್ಚಿ, ಎದುರಿನ ಬಾಗಿಲಿಗೆ ಸಿಲಿಕಾನ್ ಸ್ಪ್ರೇ ಹೊಡೆದು ನೋಡಿದೆ. ಎಣ್ಣೆಯ ಬಾಗಿಲು ಮೊದಮೊದಲು ಇನ್ನೂ ಸಲೀಸು. ಆಮೇಲೆ ಮುರಕಲ್ಲಿನ, ಅಂದರೆ ಇಲ್ಲಿನ ಕೆಂಪು ಜಂಬಿಟ್ಟಿಗೆಯ, ಧೂಳು ಎಣ್ಣೆಯೊಡನೆ ಕಲಸಿ ಕೆಸರಾಯಿತು, ಗಾಜಿನ ಅಂಚಿನುದ್ದಕ್ಕೂ ಕೆಂಪು ಗೆರೆ ಎದ್ದಿತು. ಸಿಲಿಕಾನ್ ಹೊಡೆದ ಬಾಗಿಲು ಒಣಗಿಯೇ ಉಳಿದು ಹಗುರಾಗಿ ಓಡುತ್ತಿದೆ. ಗ್ರೀಸ್ ಏನಿದ್ದರೂ ಒಳಗಿನ ಉಕ್ಕಿನ ಪಟ್ಟಿಗೆ, ರಬ್ಬರಿಗೆ ಅಲ್ಲ. ಗಟ್ಟಿಯಾಗಿ ಬಿರಿದ ಬೀಡಿಂಗನ್ನು ಮೆಷಿನ್‌ನ ಜೊತೆಗೇ ಬದಲಿಸಿ, ಇಲ್ಲವಾದರೆ ಹೊಸ ಕ್ಲಿಪ್ಪೂ ಅದೇ ದಾರಿ ಹಿಡಿಯುತ್ತದೆ.

ಹೀಗೆ ನಾನಾದರೆ: ಅಂಚು ಮಾತ್ರ ತೋಡಿನಿಂದ ಜಾರಿದ್ದರೆ ಗಾಜು ಕೂರಿಸಿ ಬೀಡಿಂಗ್ ಬದಲಿಸುತ್ತೇನೆ. ಕ್ಲಿಪ್ಪು ಮುರಿದು ಕೇಬಲ್ ನಯವಾಗಿದ್ದರೆ ಕ್ಲಿಪ್ಪು ಹಾಕುತ್ತೇನೆ. ಕೇಬಲ್ ಹೋದರೆ ಚಾಲಕನ ಬಾಗಿಲಿಗೆ ಕಂಪನಿಯದು, ಹಿಂಬಾಗಿಲಿಗೆ ಮಾರ್ಕೆಟ್‌ನದು. ಊರಿನ ನುರಿತ ಮೇಸ್ತ್ರಿ ಸಿಕ್ಕರೆ ಕಂಪನಿ ಮಾಲನ್ನು ಮಂಗಳೂರಿನಿಂದ ತರಿಸಿ ಅವರ ಕೈಯಲ್ಲೇ ಹಾಕಿಸುವುದು ನನಗೆ ಇವೆಲ್ಲಕ್ಕಿಂತ ಒಪ್ಪಿಗೆ. ಆದರೆ ಒಂದೇ ಒತ್ತಿಗೆ ತಾನಾಗಿ ಮೇಲೇರುವ ಗಾಜಾದರೆ ಕೆಲಸ ಮುಗಿದ ಮೇಲೆ ಎಲ್ಲಿ ನಿಲ್ಲಬೇಕು ಎಂಬ ಕೊನೆಯ ಅಳತೆಯನ್ನು ಅದಕ್ಕೆ ಮತ್ತೆ ಕಲಿಸಬೇಕು. ಹಲವು ಕಾರುಗಳಲ್ಲಿ ಗಾಜು ಪೂರ್ತಿ ಮುಚ್ಚಿದ ಮೇಲೂ ಸ್ವಿಚ್ಚನ್ನು ಕೆಲವು ಕ್ಷಣ ಎತ್ತಿ ಹಿಡಿದರೆ ಆಗುತ್ತದೆ, ನಿಮ್ಮ ಕಾರಿನ ಕೈಪಿಡಿಯಲ್ಲಿ ಕ್ರಮ ಇರುತ್ತದೆ. ಆಮೇಲೆ ಸುರುಳಿ ಸುತ್ತಿದ ಪತ್ರಿಕೆಯನ್ನು ಅಡ್ಡ ಹಿಡಿದು, ಗಾಜು ಅದಕ್ಕೆ ತಾಗಿದೊಡನೆ ಹಿಂದೆ ಸರಿಯುತ್ತದೆಯೇ ಎಂದು ನೋಡಿ. ಸರಿಯದಿದ್ದರೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ಆ ಕಾರನ್ನು ಗ್ಯಾರೇಜಿನಿಂದ ಹೊರಗೆ ತರಬೇಡಿ.